ಡೀಸೆಲ್, ಮೀನು, ಇತ್ಯಾದಿ

ದೇಶಕ್ಕೆ ಏನಾದರೂ ತೊಂದರೆ ಬಂತೆಂದರೆ ನನಗೆ ಹುಮ್ಮಸ್ಸು ಬರುತ್ತದೆ. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬೆಳಗಿನ ಪತ್ರಿಕೆಯಲ್ಲಿ ದಪ್ಪ ಅಕ್ಷರದ ಕೆಟ್ಟ ಸುದ್ದಿ ಇದ್ದರೆ ಆ ದಿನ ನಾನು ಎರಡು ದೋಸೆ ಹೆಚ್ಚು ತಿನ್ನುತ್ತೇನೆ, ಬಸ್ಸಿನಲ್ಲಿ ಗುರುತಿಲ್ಲದವರ ಹತ್ತಿರ ಮಾತಾಡುತ್ತೇನೆ, ಕಚೇರಿಗೆ ಹೊತ್ತಿಗೆ ಮುಂಚೆ ತಲುಪುತ್ತೇನೆ. ಏನೂ ಆಗದ ದಿನಗಳಲ್ಲಿ ನನ್ನಷ್ಟು ಮಂಕು ಮನುಷ್ಯ ಕಾಪುವಿನಿಂದ ಮಣಿಪಾಲದವರೆಗೆ ಇನ್ನೊಬ್ಬ ಸಿಗಲಾರ. ನನ್ನ ಹೆಂಡತಿ ಸುಮತಿ ಇದನ್ನು ಮದುವೆಯಾದ ಮೊದಲ ವರ್ಷವೇ ಕಂಡುಹಿಡಿದಳು. ಪತ್ರಿಕೆಯನ್ನು ಮೊದಲು ತಾನು ಓದಿ, ಸುದ್ದಿ ಎಷ್ಟು ಕೆಟ್ಟದೆಂದು ನೋಡಿಕೊಂಡು, ಆಮೇಲೆ ಹಿಟ್ಟು ಕಲಸುತ್ತಿದ್ದಳು.

ಹಾಗಿರುವಾಗ ಒಂದು ಬೆಳಿಗ್ಗೆ, ಮೀನುಗಾರಿಕೆ ಬೋಟುಗಳಿಗೆ ಡೀಸೆಲಿನ ಮೇಲೆ ಕೊಡುತ್ತಿದ್ದ ಸಬ್ಸಿಡಿಯನ್ನು ತೆಗೆದುಹಾಕಲಾಗಿದೆ ಎಂಬ ಸುದ್ದಿ ಬಂತು. ಎಪ್ಪತ್ತರ ದಶಕದ ಕೊನೆ ಇರಬೇಕು, ಎಂಬತ್ತರ ಮೊದಲೂ ಇರಬಹುದು. ನನ್ನ ನೆನಪಿನಲ್ಲಿ ಆ ದಿನ ಜಡಿಮಳೆ ಸುರಿಯುತ್ತಿದೆ, ನಾನು ಕೊಡೆ ಮಡಚುತ್ತಾ ಬಸ್ಸು ಹತ್ತುತ್ತಿದ್ದೇನೆ. ಆದರೆ ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಇಳಿಯದ ಬೋಟಿಗೆ ಡೀಸೆಲಿನ ಚಿಂತೆ ಇಲ್ಲ. ಆದ್ದರಿಂದ ಆ ಮಳೆ ಸುಳ್ಳು. ಕೊಡೆಯೂ ಸುಳ್ಳು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದಾಗಿತ್ತು. ಹೊಡೆದುಹಾಕುವುದು ನನಗೆ ಕಷ್ಟವಲ್ಲ. ಕಷ್ಟ ಏನೆಂದರೆ, ಮಳೆಯನ್ನು ತೆಗೆದ ಮೇಲೆ ಆ ದಿನ ಒಂದು ತರಹ ಬೋಳಾಗಿ ನಿಂತುಬಿಡುತ್ತದೆ, ಅಲ್ಲಿ ಬಿಸಿಲನ್ನು ಹಾಕಬೇಕೋ ಮೋಡವನ್ನೋ ನನಗೆ ತಿಳಿಯುವುದಿಲ್ಲ.

ಬಸ್ಸಿನಲ್ಲಿ ಮಾತ್ರ ಬಿಸಿ ಇತ್ತು, ಅದು ಖಂಡಿತ. ಬೋಟಿನ ಡೀಸೆಲಿಗೂ ತನಗೂ ಏನೂ ಸಂಬಂಧವಿಲ್ಲದವರೇ ಹೆಚ್ಚು ಕೂಗಾಡಿದರು. ಇನ್ನು ಮೀನು ತಿಂದ ಹಾಗೆಯೇ ಎಂದು ಒಬ್ಬರು. ಮೀನು ತಿನ್ನದವರಿಗೆ ಎಂತ ತೊಂದರೆ ಎಂದು ಇನ್ನೊಬ್ಬರು. ತೆಂಗಿನಕಾಯಿಗೂ ಏರುತ್ತದೆ ನೋಡಿ ಎಂದು ಮೂರನೆಯವರು. ಅವರ ಮಾತು ನಿಜವೇ ಆಯಿತು. ಕಡಿಯಾಳಿಯಲ್ಲಿ ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ಅದೇ ಸಂಜೆ ಚಹಾದ ದರ ಏರಿತು. ಕಟ್ಟಿಗೆ ಒಲೆಯಲ್ಲಿ ಕುದಿಯುವ ಚಹಾಕ್ಕೆ ಡೀಸೆಲ್ ಎಲ್ಲಿಂದ ತಗಲಿತೆಂದು ಕೇಳಿದ್ದಕ್ಕೆ, ಪೇಪರ್ ನೋಡಿ ಸರ್ ಎಂದರು ಹೋಟೆಲಿನವರು. ಪಕ್ಕದ ಕ್ಷೌರದ ಅಂಗಡಿಯವರೂ ಬೋರ್ಡು ಬದಲಾಯಿಸಿದರು. ನಾನು ಇದನ್ನೆಲ್ಲ ನೋಡುತ್ತಾ ಹಬ್ಬದ ಮನೆಗೆ ಹೋದವನ ಹಾಗೆ ಖುಷಿಯಲ್ಲಿದ್ದೆ. ಚರಿತ್ರೆ ಕೊನೆಗೂ ಉಡುಪಿಗೆ ಬಂದಿದೆ, ನಾನು ಅದರ ಎದುರು ನಿಂತು ಚಹಾ ಕುಡಿಯುತ್ತಿದ್ದೇನೆ ಎಂಬ ಭಾವನೆ.

ಚರಿತ್ರೆ ಎರಡು ದಿನ ಬಿಟ್ಟು ನಮ್ಮ ಮನೆಯ ಚಾವಡಿಗೇ ಬಂತು. ವಾಸಣ್ಣನ ರೂಪದಲ್ಲಿ. ವಾಸಣ್ಣ ಸುಮತಿಯ ಅಣ್ಣ, ಎರ್ಮಾಳಿನವನು, ಮಲ್ಪೆಯಿಂದ ಹೊರಡುವ ಒಂದು ಟ್ರಾಲ್ ಬೋಟಿನ ತಂಡೇಲ. ತಂಡೇಲ ಎಂದರೆ ಬೋಟು ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು. ಬೋಟು ಧಣಿಯದ್ದು, ಕಣ್ಣು ತಂಡೇಲನದ್ದು. ಅವರ ಕೆಲಸದ ಕ್ರಮವೇ ಬೇರೆ. ಸಂಬಳವಿಲ್ಲ. ಹಿಡಿದ ಮೀನು ಬಂದರಿನಲ್ಲಿ ಏಲಂ, ಅಂದರೆ ಹರಾಜು, ಆದ ಮೇಲೆ ಡೀಸೆಲು, ಮಂಜುಗಡ್ಡೆಗಳ ಖರ್ಚನ್ನು ಮೊದಲು ಕಳೆದು, ಉಳಿದದ್ದನ್ನು ಬೋಟಿಗೂ ಕೆಲಸದವರಿಗೂ ಪಾಲು ಮಾಡುವುದು. ಹಾಗಾಗಿ ಡೀಸೆಲಿಗೆ ಏರಿದ್ದು ಕೆಲಸದವರ ಹೊಟ್ಟೆಯಿಂದಲೂ ಹೋಗುತ್ತದೆ. ಆದರೆ ಈ ಪಾಲಿಗೆ ಸೇರದ ಇನ್ನೊಂದು ಉಂಟು: ಪದಾರ್ಥದ ಮೀನು. ಏಲಂ ಶುರುವಾಗುವ ಮೊದಲೇ ಬೋಟಿನ ಪ್ರತಿಯೊಬ್ಬ ಕೆಲಸದವನೂ ಅವತ್ತಿನ ಸಾರಿಗೆಂದು ಬೊಗಸೆ ತುಂಬ ಮೀನು ಎತ್ತಿಕೊಳ್ಳುತ್ತಾನೆ. ಅದಕ್ಕೆ ತೂಕವಿಲ್ಲ, ಯಾರೂ ನೋಡುವುದೂ ಇಲ್ಲ. ಧಣಿ ಆ ಹೊತ್ತಿಗೆ ಆಚೆ ತಿರುಗಿ ಬೀಡಿ ಹಚ್ಚುವುದು ಮರ್ಯಾದೆ. ಸಬ್ಸಿಡಿ ಹೋದ ಮರುದಿನವೇ ವಾಸಣ್ಣನ ಧಣಿ ಆಚೆ ತಿರುಗಲಿಲ್ಲವಂತೆ. ಇನ್ನು ಮುಂದೆ ಎಲ್ಲ ಮೀನೂ ಏಲಂಗೆ ಬರಲಿ, ಡೀಸೆಲಿನ ಕಷ್ಟ ನಿಮಗೂ ಗೊತ್ತಲ್ಲ ಎಂದರಂತೆ, ಬಹಳ ಮೆದುವಾಗಿ.

ಇಲ್ಲಿ ನನ್ನ ಸ್ವಾರ್ಥವನ್ನೂ ಹೇಳಿಬಿಡಬೇಕು. ವಾಸಣ್ಣನ ಬೊಗಸೆಯಲ್ಲಿ ಅರ್ಧ ನಮಗೆ ಬರುತ್ತಿತ್ತು. ಸಂಜೆ ಅವನು ಎರ್ಮಾಳಿಗೆ ಹೋಗುವ ಬಸ್ಸು ನಮ್ಮ ಕಾಪು ದಾಟಿಯೇ ಹೋಗಬೇಕಷ್ಟೆ. ನಾನು ಸ್ಟಾಪಿನಲ್ಲಿ ನಿಂತಿರುತ್ತಿದ್ದೆ. ಬಸ್ಸು ನಿಂತೂ ನಿಲ್ಲದ ಹಾಗೆ ನಿಧಾನವಾಗುತ್ತಿತ್ತು, ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು, ಕೈಯಲ್ಲಿ ಒಂದು ಕಟ್ಟು. ಸಿಗಡಿ, ನಂಗ್, ಬಂಗುಡೆ, ದೇವರು ಕೊಟ್ಟದ್ದು. ಕಂಡಕ್ಟರು ಆ ಕಟ್ಟು ನನ್ನ ಕೈಗೆ ಬಿದ್ದ ಮೇಲೆಯೇ ಸೀಟಿ ಊದುತ್ತಿದ್ದ. ಮನುಷ್ಯಜಾತಿಯ ಮೇಲೆ ನನಗಿರುವ ಅಲ್ಪಸ್ವಲ್ಪ ನಂಬಿಕೆ ಆ ಸೀಟಿಯಿಂದ ಬಂದದ್ದು.

ಧಣಿಗಳೂ ಕೆಲಸದವರೂ ಒಟ್ಟಾಗಿ ಉಡುಪಿಯಲ್ಲಿ ಮೆರವಣಿಗೆ ಮಾಡಿ ಸರಕಾರಕ್ಕೆ ಮನವಿ ಕೊಡುವುದೆಂದು ತೀರ್ಮಾನವಾಗಿತ್ತು. ಆ ಮನವಿಯನ್ನು ನಾನು ಬರೆದುಕೊಡಬೇಕು, ಅದಕ್ಕೇ ವಾಸಣ್ಣ ಬಂದದ್ದು. ನಮ್ಮ ಕಡೆ ಇದೊಂದು ಕ್ರಮ: ನಾವು ಜಗಳವಾಡುವುದು ತುಳುವಿನಲ್ಲಿ, ಮನವಿ ಬರೆಯುವುದು ಕನ್ನಡದಲ್ಲಿ. ಮನೆಯೊಳಗೆ ಲುಂಗಿ ಸುತ್ತಿಕೊಂಡವರು ಹೊರಡುವಾಗ ಪ್ಯಾಂಟು ಹಾಕುವ ಹಾಗೆ. ವಾಸಣ್ಣ ತುಳುವಿನಲ್ಲಿ ಮೂರು ವಿಷಯ ಹೇಳಿದ, ನಾನು ಚೀಟಿಯಲ್ಲಿ ಗೀಚಿಕೊಂಡೆ. ಒಂದು, ಸಬ್ಸಿಡಿ ವಾಪಸು ಬರಬೇಕು. ಎರಡು, ಡೀಸೆಲು ಎಲ್ಲರಿಗೂ ಸಮಯಕ್ಕೆ ಸಿಗಬೇಕು. ಮೂರು, ಕೆಲಸದವರ ಪದಾರ್ಥದ ಮೀನು ಮೊದಲಿನ ಹಾಗೆಯೇ ನಡೆಯಬೇಕು. ಮೂರನೆಯದನ್ನು ಹೇಳುವಾಗ ಅವನ ದನಿ ಸ್ವಲ್ಪ ತಗ್ಗಿತು.

"ಪಾಲು ಕಡಿಮೆಯಾದರೆ ತಡೆದುಕೊಳ್ಳಬಹುದು ಭಾವ. ಬೋಟಿನಿಂದ ಇಳಿದು ಬರಿಗೈಯಲ್ಲಿ ಮನೆಗೆ ಹೋಗಲಿಕ್ಕೆ ಆಗುವುದಿಲ್ಲ. ಮಕ್ಕಳು ಕೈ ನೋಡ್ತಾರೆ."

ಇಷ್ಟು ಕೇಳಿದ ಮೇಲೂ ನಾನು ಮಾಡಿದ್ದೇನು? ಎರಡು ಸಂಜೆ ಕೂತು ಬರೆದೆ. ತೈಲ, ಜಗತ್ತು, ಯಂತ್ರನಾಗರಿಕತೆ, ಶ್ರಮಜೀವಿ, ಎಲ್ಲ ಬಂತು. ಒಂದು ಪ್ಯಾರಾದಲ್ಲಿ ಕಡಲು ಮಾತಾಡುತ್ತದೆ. ಆ ಕಾಲಕ್ಕೆ ನಾನು ವಾಕ್ಯಕ್ಕೆ ಪೂರ್ಣವಿರಾಮ ಹಾಕುವುದು ಹಳಬರ ಪದ್ಧತಿ ಎಂದು ನಂಬಿದ್ದೆ. ಆದ್ದರಿಂದ ಇಡೀ ಮನವಿಯಲ್ಲಿ ಸರಕಾರಕ್ಕೆ ಉಸಿರು ತೆಗೆದುಕೊಳ್ಳಲು ಎರಡೇ ಕಡೆ ಅವಕಾಶವಿತ್ತು. ಮೂರನೆಯ ಬೇಡಿಕೆಗೆ ಬಂದಾಗ ಪೆನ್ನು ನಿಂತಿತು. ತುಳುವಿನಲ್ಲಿ ಅಷ್ಟು ಗಂಭೀರವಾಗಿದ್ದ ಮೀನು ಕನ್ನಡದಲ್ಲಿ ಬರೆದೊಡನೆ ಸಣ್ಣದಾಗಿ ಕಂಡಿತು. ಸಾರಿನ ಮೀನಿನ ವಿಷಯವನ್ನು ಸರಕಾರಕ್ಕೆ ಬರೆಯುವುದೇ? ಅಧಿಕಾರಿ ಅದನ್ನು ಕಟ್ಟಿಕೊಂಡು ಏನು ಮಾಡಿಯಾರು? ಯಂತ್ರನಾಗರಿಕತೆಯ ಪಕ್ಕದಲ್ಲಿ ಬಂಗುಡೆಯನ್ನು ಇಡುವುದು ಸರಿಬರಲಿಲ್ಲ. ಹೊಡೆದುಹಾಕಿ, ಕೊನೆಯ ಸಾಲನ್ನು ಹೀಗೆ ಮಾಡಿದೆ: 'ಹಾಗೂ ಕಾರ್ಮಿಕರ ಇತರ ನ್ಯಾಯಯುತ ಬೇಡಿಕೆಗಳು, ಇತ್ಯಾದಿ.'

ಅದನ್ನು ಅಚ್ಚಿಗೆ ಜೋಡಿಸಿದವರು ನಮ್ಮ ಮುದ್ರಣಾಲಯದ ಲಾರೆನ್ಸ್. ಕಾರ್ಕಳದಿಂದ ದಿನಾ ಬಂದು ಹೋಗುವ ಮನುಷ್ಯ. ಕಲ್ಲಿನ ಊರಿನವರಾದ್ದರಿಂದಲೋ ಏನೋ ಯಾವುದಕ್ಕೂ ಅಲುಗಾಡುತ್ತಿರಲಿಲ್ಲ. ನಾನು ಕೊಟ್ಟ ಹಾಳೆಗಳ ನಡುವೆ ವಾಸಣ್ಣನ ಮಾತು ಗೀಚಿದ್ದ ಚೀಟಿಯೂ ಸೇರಿಹೋಗಿತ್ತು. ಅವರು ಎರಡನ್ನೂ ಓದಿದರು.

"ಸರ್, ಚೀಟಿಯಲ್ಲಿ ಮೀನು ಉಂಟು. ಇಷ್ಟುದ್ದದ ಮನವಿಯಲ್ಲಿ ಒಂದು ಮೀನೂ ಇಲ್ಲವಲ್ಲ?"

ಅದು 'ಇತ್ಯಾದಿ'ಯಲ್ಲಿ ಉಂಟು ಎಂದೆ. ಅವರು ಆ ಶಬ್ದದ ಅಚ್ಚುಮೊಳೆಗಳನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು, ಒಳಗೆ ಏನಾದರೂ ಅಲ್ಲಾಡುತ್ತದೋ ಎನ್ನುವ ಹಾಗೆ. ಆಮೇಲೆ ಜೋಡಿಸಿದರು.

ಎರ್ಮಾಳಿನಲ್ಲಿ ವಾಸಣ್ಣನ ಮನೆಯ ಅಂಗಳದಲ್ಲಿ ಅದನ್ನು ಓದಿದೆ. ಬೋಟಿನ ಕೆಲಸದವರೆಲ್ಲ ಕೂತಿದ್ದರು. ಅಷ್ಟು ನಿಶ್ಶಬ್ದವಾಗಿ ನನ್ನ ಬರಹವನ್ನು ಅದುವರೆಗೂ ಯಾರೂ ಕೇಳಿರಲಿಲ್ಲ, ಆಮೇಲೂ ಇಲ್ಲ. ಮುಗಿದ ಮೇಲೆ ಒಬ್ಬರು ಭಾರೀ ಗಟ್ಟಿ ಉಂಟು ಎಂದರು. ನಾನು ನೆಲ ಬಿಟ್ಟು ಅರ್ಧ ಅಡಿ ಮೇಲಿದ್ದೆ. ಮೆರವಣಿಗೆಯ ದಿನವಂತೂ ಕೇಳಬೇಡಿ. ಕಡಿಯಾಳಿಯಿಂದ ಹೊರಟೆವು. ಹೂಡೆ, ಮಲ್ಪೆ, ಎರ್ಮಾಳುಗಳಿಂದ ಜನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಮೀನು ಮಾರುವ ಹೆಂಗಸರು ಖಾಲಿ ಬುಟ್ಟಿಗಳನ್ನು ತಲೆಯ ಮೇಲೆ ಕವುಚಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದರು, ಘೋಷಣೆಗೆ ಅವರ ಗಂಟಲೇ ಬೇಕಾಯಿತು. ನಾನು ಕಟ್ಟು ಕಟ್ಟು ಮನವಿ ಹಂಚುತ್ತಾ ಮೆರವಣಿಗೆಯ ಹಿಂದೆ ಮುಂದೆ ಓಡಾಡಿ ಒಂದು ಚಪ್ಪಲಿ ಕಳೆದುಕೊಂಡೆ. ಧಣಿಗಳು ಒಬ್ಬೊಬ್ಬರಾಗಿ ಸಹಿ ಹಾಕಿದರು. ವಾಸಣ್ಣನ ಧಣಿ ಎಲ್ಲರಿಗಿಂತ ದೊಡ್ಡ ಸಹಿ ಹಾಕಿದರು. ವಾಸಣ್ಣ ಆ ಸಹಿಯನ್ನೇ ನೋಡುತ್ತಾ ನಿಂತಿದ್ದ, ನೋಡಿ ನನ್ನ ಭುಜ ಹಿಸುಕಿದ. ಮನವಿ ಸ್ವೀಕರಿಸಿದ ಅಧಿಕಾರಿ ಅದನ್ನು ಓದಿ, ಕನ್ನಡ ಬಹಳ ಚೆನ್ನಾಗಿದೆ ಎಂದರು. ಡೀಸೆಲಿನ ಬಗ್ಗೆ ಏನೂ ಹೇಳಲಿಲ್ಲ. ನನಗೆ ಅದು ಆಗ ಗಮನಕ್ಕೆ ಬರಲಿಲ್ಲ.

ಆ ಭುಜ ಹಿಸುಕಿದ್ದು ಏಕೆಂದು ತಿಳಿದದ್ದು ಒಂದು ವಾರ ಕಳೆದ ಮೇಲೆ. ಪದಾರ್ಥದ ಮೀನನ್ನು ಸರಕಾರ ಕೊಡುತ್ತದೆಂದು ವಾಸಣ್ಣ ಒಂದು ಕ್ಷಣವೂ ಎಣಿಸಿರಲಿಲ್ಲ. ಅವನಿಗೆ ಬೇಕಾದದ್ದು ಧಣಿಯ ಸಹಿ. ಮೀನು ಮೊದಲಿನ ಹಾಗೆ ನಡೆಯಬೇಕು ಎಂದು ಬರೆದದ್ದರ ಅಡಿಯಲ್ಲಿ, ಊರೆಲ್ಲ ನೋಡುವ ಹಾಗೆ, ಧಣಿಯೇ ಸಹಿ ಹಾಕಿದರೆ ಆಮೇಲೆ ಇಲ್ಲವೆನ್ನುವುದು ಹೇಗೆ? ಇಂಥ ಒಂದು ಬಲೆಯನ್ನು ಅವನು ನೇಯ್ದು ತಂದುಕೊಟ್ಟಿದ್ದ. ನಾನು ಅದರ ತಳವನ್ನು ಕತ್ತರಿಸಿ, ಅಂಚಿಗೆ ಕಸೂತಿ ಹಾಕಿ ವಾಪಸು ಕೊಟ್ಟಿದ್ದೆ. ವಾಸಣ್ಣ ಬಂದರಿನಲ್ಲಿ ಸಹಿಯ ಮಾತೆತ್ತಿದಾಗ ಧಣಿ ಜೇಬಿನಿಂದ ಮನವಿಯನ್ನೇ ಹೊರಗೆ ತೆಗೆದರಂತೆ. ಹೌದು ಮಾರಾಯ, ನಾನೇ ಸಹಿ ಹಾಕಿದ್ದು, ಮೀನು ಎಲ್ಲಿ ಉಂಟು ತೋರಿಸು ಎಂದರಂತೆ. ಯಾರೋ ಓದಬಲ್ಲವರು ಮೊದಲಿನಿಂದ ಕೊನೆಯವರೆಗೆ ಓದಿದರು. ಕಡಲು ಮಾತಾಡಿತು. ಮೀನು ಬರಲಿಲ್ಲ.

ವಾಸಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೀವು ಓದುವಾಗ ಆ ದೊಡ್ಡ ದೊಡ್ಡ ಶಬ್ದಗಳ ಒಳಗೆ ಎಲ್ಲೋ ಮೀನು ಉಂಟು ಅಂತ ಗ್ರಹಿಸಿದೆ ಭಾವ," ಎಂದ, ಅಷ್ಟೇ.

ಧಣಿ ಆಚೆ ತಿರುಗದ ದಿನದಿಂದ ಸಂಜೆಯ ಬಸ್ಸು ಕಾಪುವಿನಲ್ಲಿ ನಿಧಾನವಾಗುವುದು ನಿಂತಿತ್ತು. ನಾನು ಅಭ್ಯಾಸಬಲದಿಂದ ಸ್ಟಾಪಿನಲ್ಲಿ ನಿಲ್ಲುತ್ತಿದ್ದೆ, ಕಂಡಕ್ಟರು ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದ. ಒಂದು ದಿನ ಮನೆಗೆ ಹೋಗಿ ಕೈಕಾಲು ತೊಳೆದು ಕೂತು, ಪದಾರ್ಥ ಎಂತ ಎಂದು ಕೇಳಿದೆ. ಸುಮತಿ ಬಟ್ಟಲಿನ ಮುಂದೆ ಅನ್ನದ ಪಾತ್ರೆ ಇಟ್ಟಳು.

"ಅನ್ನ, ಉಪ್ಪಿನಕಾಯಿ, ಇತ್ಯಾದಿ."

ಲಾರೆನ್ಸ್ ಮತ್ತು ಸುಮತಿ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಆದರೂ ಆ ಶಬ್ದ ಅಲ್ಲಿಂದ ಇಲ್ಲಿಗೆ ಹೇಗೆ ಬಂತೆಂದು ನನಗೆ ಅನುಮಾನ. ನಾನೇ ಅವಳಿಗೆ ಹೇಳಿದ್ದಿರಬೇಕು, ಹುಮ್ಮಸ್ಸಿನಲ್ಲಿ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಆದರೂ ಬಂದರಿನಲ್ಲಿ ನಿಂತು ನೋಡಿದವನ ಹಾಗೆ ಎಷ್ಟೋ ಜನರಿಗೆ ಹೇಳಿದ್ದೇನೆ. ವಾಸಣ್ಣ ಮುಷ್ಕರ ಹೂಡಲಿಲ್ಲ. ಎಂದಿನಂತೆ ಬೆಳಕು ಹರಿಯುವಾಗ ಬೋಟು ಹೊರಡಿಸಿದ, ಎಂದಿನಂತೆ ಸಂಜೆ ಬಂದ. ಬೋಟಿನಲ್ಲಿ ಮೀನಿರಲಿಲ್ಲ. ಎಂತ ವಾಸು ಎಂದು ಧಣಿ ಕೇಳಿದ್ದಕ್ಕೆ, ಕಣ್ಣಿಗೆ ಮೀನು ಬೀಳಲಿಲ್ಲ ಧಣಿ ಎಂದ. ಮರುದಿನವೂ ಬೀಳಲಿಲ್ಲ. ಮೂರನೆಯ ದಿನ ಇನ್ನೂ ದೂರ ಹೋಗಿ ಹುಡುಕಿದ. ಅಕ್ಕಪಕ್ಕದ ಬೋಟುಗಳು ತುಂಬಿ ಬರುತ್ತಿದ್ದವು. ಇವನ ಬೋಟು ಸಬ್ಸಿಡಿ ಇಲ್ಲದ ಡೀಸೆಲು ಸುಡುತ್ತಾ ಇಡೀ ಕಡಲನ್ನು ನೋಡಿ ಬರುತ್ತಿತ್ತು. ಪಾಲು ಇಲ್ಲದೆ ಕೆಲಸದವರ ಮನೆಗಳಲ್ಲೂ ಆ ಮೂರು ದಿನ ಗಂಜಿಯೇ. ಒಬ್ಬರೂ ಬಾಯಿಬಿಡಲಿಲ್ಲ. ಮೀನು ಎಲ್ಲಿ ಉಂಟೆಂದು ತಂಡೇಲನ ಕಣ್ಣಿಗೆ ಕಂಡರೆ ಮಾತ್ರ ಉಂಟು, ಅದನ್ನು ಯಾವ ಧಣಿಯೂ ವಾದಿಸಿ ಗೆಲ್ಲಲಿಕ್ಕೆ ಆಗುವುದಿಲ್ಲ. ನಾಲ್ಕನೆಯ ಬೆಳಿಗ್ಗೆ ಧಣಿ ಸ್ವತಃ ಬಂದರಿಗೆ ಬಂದು, ಸಂಜೆ ತನಗೆ ಬೇರೆ ಕೆಲಸ ಉಂಟು, ಏಲಂಗೆ ಸ್ವಲ್ಪ ತಡವಾಗಿ ಬರುತ್ತೇನೆ, ಅಷ್ಟರಲ್ಲಿ ನಿಮ್ಮದು ಮುಗಿಸಿಕೊಳ್ಳಿ ಎಂದರು. ಆ ದಿನ ವಾಸಣ್ಣನ ಕಣ್ಣು ಚೆನ್ನಾಗಿ ಕಂಡಿತು. ಮೀನಿನ ಭಾರಕ್ಕೆ ಬೋಟು ನೀರಿಗೆ ತಗ್ಗಿ ಬಂತಂತೆ.

ಸಬ್ಸಿಡಿ ಏನಾಯಿತೆಂದು ಕೇಳಬೇಡಿ. ಸ್ವಲ್ಪ ಬಂತು, ಮತ್ತೆ ಹೋಯಿತು, ಇನ್ನೊಂದು ಹೆಸರಿನಲ್ಲಿ ಬಂತು. ಚಹಾದ ದರ ಮಾತ್ರ ಇಳಿಯಲಿಲ್ಲ.

ಆ ನಾಲ್ಕನೆಯ ದಿನದ ಸಂಜೆ ಬಸ್ಸು ನಿಧಾನವಾಯಿತು. ಕಿಟಕಿಯಿಂದ ಕೈ ಬಂತು. ಸೀಟಿ ಆಯಿತು. ಮನೆಗೆ ತಂದು ಬಿಚ್ಚಿದರೆ, ಆರು ಬಂಗುಡೆಗಳನ್ನು ಸುತ್ತಿದ್ದದ್ದು ನನ್ನದೇ ಮನವಿಯ ಉಳಿದ ಹಾಳೆ. ಕಡಲು ಮಾತಾಡುವ ಪ್ಯಾರಾ ಒದ್ದೆಯಾಗಿ ಮೀನಿನ ಹೊಟ್ಟೆಗೆ ಅಂಟಿತ್ತು. ಅಂತೂ ಮನವಿಯೊಳಗೆ ಮೀನು ಬಂತು ಎಂದು ನಾನು ನಕ್ಕೆ.

ಇದನ್ನು ಇಷ್ಟಕ್ಕೇ ಮುಗಿಸಬಹುದಿತ್ತು. ಎಷ್ಟೋ ಕಡೆ ಹೀಗೇ ಹೇಳಿ ಚಪ್ಪಾಳೆಯನ್ನೂ ಪಡೆದಿದ್ದೇನೆ. ಆದರೆ ಬರೆದದ್ದನ್ನು ಸುಮತಿಗೆ ಓದಿ ಹೇಳಿದಾಗ ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಅದು ಸಾಗುವಾನಿ ಎಲೆ. ಅಷ್ಟು ತೆಳ್ಳಗಿನ ಕಾಗದದಲ್ಲಿ ಹಸಿ ಮೀನು ಕಟ್ಟಿದರೆ ಮಲ್ಪೆಯಿಂದ ಕಾಪುವಿನವರೆಗೆ ಉಳಿಯುತ್ತದಾ ಮಾರಾಯ್ರೆ?"

ಉಳಿಯುವುದಿಲ್ಲ. ಯೋಚಿಸಿದರೆ ಖಂಡಿತ ಉಳಿಯುವುದಿಲ್ಲ. ಆದರೂ ಒದ್ದೆ ಹಾಳೆಯ ಮೇಲಿನ ಅಕ್ಷರಗಳು ನನಗೆ ಈಗಲೂ ಕಾಣುತ್ತವೆ, ಆ ಸುಳ್ಳುಮಳೆಯಷ್ಟೇ ಸ್ಪಷ್ಟವಾಗಿ. ಯಾವುದನ್ನು ಹೊಡೆದುಹಾಕಲಿ? ಹೊಡೆದುಹಾಕುವ ನನ್ನ ಕೈಯ ಮೇಲೆ ನನಗೀಗ ಅಷ್ಟು ಭರವಸೆ ಇಲ್ಲ. ಅದಕ್ಕೇ ಈ ಸಲ ಕಾಗದವನ್ನೂ ಬರೆದಿದ್ದೇನೆ, ಎಲೆಯನ್ನೂ ಬರೆದಿದ್ದೇನೆ, ಆರು ಬಂಗುಡೆಗಳನ್ನೂ ಲೆಕ್ಕ ತಪ್ಪದೆ ಬರೆದಿದ್ದೇನೆ. ಇತ್ಯಾದಿ ಎಂದು ಮಾತ್ರ ಬರೆಯುವುದಿಲ್ಲ.