ಮಾವನ ಕಾರಿಗೆ ದಿನಕ್ಕೆ ಹತ್ತು ನಿಮಿಷ

ನನಗೆ ಕಾರು ಕಂಡರೆ ಭಯ. ಹೀಗೆಂದರೆ ಜನ ನಗುತ್ತಾರೆ. ಹುಲಿ, ಹಾವು, ಹೆಂಡತಿ ಎಂದರೆ ಯಾರೂ ನಗುವುದಿಲ್ಲ, ತಲೆಯಾಡಿಸಿ ಬೆನ್ನು ತಟ್ಟುತ್ತಾರೆ. ನನ್ನ ಕೆಲಸ ಏನೆಂದು ಕೇಳಿ, ಆಮೇಲೆ ನಗಿ. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ಅಪಘಾತವಾದ ಕಾರುಗಳ ಮಾಲೀಕರು ಬರೆದುಕೊಟ್ಟ ಹೇಳಿಕೆಗಳನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಓದುವುದು ನನ್ನ ಹೊಟ್ಟೆಪಾಡು. ‘ಕಾರು ಸ್ಟಾರ್ಟ್ ಮಾಡಿದೆ, ಆಮೇಲೆ ಏನಾಯಿತೋ ತಿಳಿಯದು, ಕಣ್ಣು ಬಿಟ್ಟಾಗ ಎದುರು ಮನೆಯ ಅಡುಗೆಮನೆಯಲ್ಲಿದ್ದೆ.’ ಇಂಥವು. ಇದನ್ನು ವರ್ಷಗಟ್ಟಲೆ ಓದಿದವನಿಗೆ ಇಂಜಿನ್ ಸದ್ದು ಕೇಳಿದರೆ ಓಡಿಹೋಗೋಣ ಅನ್ನಿಸದೆ ಇನ್ನೇನು? ಲೈಸೆನ್ಸ್ ಇದೆ, ಇಲ್ಲವೆನ್ನುವುದಿಲ್ಲ. ಮದುವೆಗೆ ಮುಂಚೆ, ಬುದ್ಧಿ ಬಲಿಯುವ ಮೊದಲು ತೆಗೆದುಕೊಂಡದ್ದು.

ಇಂಥ ನನ್ನ ಕೈಗೆ ಮಾವನವರು ತಮ್ಮ ಕಾರಿನ ಕೀ ಕೊಟ್ಟರು.

ಮಾವನವರು ನಿವೃತ್ತ ಜೈಲು ಸೂಪರಿಂಟೆಂಡೆಂಟರು. ಗದರುವ ಮನುಷ್ಯರಲ್ಲ, ಸುಮ್ಮನೆ ನೋಡುತ್ತಾರೆ. ಆ ನೋಟಕ್ಕೆ ಕೈದಿಗಳು ಮಾಡದ ಅಪರಾಧವನ್ನೂ ಒಪ್ಪಿಕೊಂಡುಬಿಡುತ್ತಿದ್ದರಂತೆ. (ಅವರನ್ನು ಮೊದಲ ಸಲ ಭೇಟಿಯಾದ ದಿನ ನಾನೂ ನನ್ನ ಸಂಬಳವನ್ನು ಇದ್ದಷ್ಟೇ ಹೇಳಿಬಿಟ್ಟೆ. ಯಾರೂ ಕೇಳಿರಲಿಲ್ಲ.) ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೊಡ್ಡ ಮಗಳ ಊರಿಗೆ ಹೊರಟವರು ನನ್ನನ್ನು ಕರೆದು ಹೇಳಿದರು:

“ಅಳಿಯಂದ್ರೇ, ದಿನಾ ಬೆಳಗ್ಗೆ ಹತ್ತು ನಿಮಿಷ ಗಾಡಿ ಸ್ಟಾರ್ಟ್ ಮಾಡಿಡಿ. ಇಲ್ಲಾಂದ್ರೆ ಬ್ಯಾಟರಿ ಕೂತ್ಬಿಡುತ್ತೆ. ನಾನಂತೂ ಇನ್ನು ಓಡಿಸಲ್ಲ. ನೀವು ಸರಿಯಾಗಿ ನೋಡ್ಕೊಂಡ್ರೆ ಗಾಡಿ ನಿಮ್ಮನೆಗೆ. ಇಲ್ಲಾಂದ್ರೆ ನನ್ನ ತಮ್ಮನ ಮಗ ಕೇಳ್ತಾನೇ ಇದಾನೆ.”

ನನಗೆ ಆ ಗಾಡಿ ಬೇಡವೇ ಬೇಡ. ಆದರೆ ನನ್ನಾಕೆಗೆ ಬೇಕು. ಅವಳು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ಹಿಡಿದುಕೊಂಡ ಕೈಕಾಲುಗಳನ್ನು ಬಿಡಿಸುವವಳು. ಕಲ್ಲಿನಂಥ ಯಂತ್ರವೊಂದನ್ನು ಚೀಲದಲ್ಲಿ ಹಾಕಿಕೊಂಡು, ಬೆಳಕು ಹರಿಯುವ ಮೊದಲೇ ಹೊರಟು, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಊರವರ ಭುಜ ಸರಿಮಾಡುತ್ತ ತನ್ನ ಭುಜ ಕೆಡಿಸಿಕೊಂಡಿದ್ದಾಳೆ. ರಾತ್ರಿ ಬಿಸಿನೀರಿನ ಚೀಲ ಒತ್ತಿಕೊಳ್ಳುತ್ತ ಅಂದಳು: “ರೀ, ನಿಮ್ಮ ದಮ್ಮಯ್ಯ, ಇದೊಂದು ಕೆಲಸ ಕೆಡಿಸ್ಬೇಡಿ. ಇನ್ನಾರು ತಿಂಗಳು ಹೀಗೇ ಹೊತ್ರೆ ನನ್ನ ಕೈ ನನ್ನದಾಗಿರಲ್ಲ.” ಅವಳ ಮುಖ ನೋಡಿ ನನಗೆ ಅಳುವೇ ಬಂತು.

ಮರುದಿನ ಎರಡು ಬೀದಿ ದಾಟಿ ಮಾವನವರ ಮನೆಗೆ ಹೋದೆ. ಷೆಡ್ಡಿನ ಬಾಗಿಲು ತೆಗೆದು, ಕಾರಿನೊಳಗೆ ಕೂತು, ಸೀಟ್ ಬೆಲ್ಟ್ ಬಿಗಿದು, ಬೆವರುತ್ತ ಕೀ ಹಾಕಿದೆ. ಅರ್ಧ ತಿರುಗಿಸುವಷ್ಟರಲ್ಲಿ ಎದುರಿನ ಪುಟ್ಟ ದೀಪಗಳೆಲ್ಲ ಹತ್ತಿಕೊಂಡವು, ರೇಡಿಯೋ ಹಾಡಿತು. ಪೂರ್ತಿ ತಿರುಗಿಸಿದರೆ ಇಂಜಿನ್ ಏಳುತ್ತದೆ. ಎದ್ದ ಇಂಜಿನ್ ಎಲ್ಲಿಗೆ ಹೊರಡುತ್ತದೋ ಯಾರಿಗೆ ಗೊತ್ತು? ನನ್ನ ಮೇಜಿನ ಮೇಲೆ ಅದಕ್ಕೆ ಸಾಕ್ಷಿಗಳ ಗುಡ್ಡೆಯೇ ಇದೆ. ಅಲ್ಲಿಗೇ ಕೈ ನಿಲ್ಲಿಸಿದೆ. ಬ್ಯಾಟರಿಗೆ ಬೇಕಾದದ್ದು ವ್ಯಾಯಾಮ ತಾನೆ? ದೀಪ ಹತ್ತಿದೆ, ಹಾಡು ಬರುತ್ತಿದೆ, ಇದಕ್ಕಿಂತ ವ್ಯಾಯಾಮ ಬೇರೆ ಏನು ಬೇಕು ಎಂದು ಸಮಾಧಾನ ಮಾಡಿಕೊಂಡು ಹತ್ತು ನಿಮಿಷ ಕೂತು ಬಂದೆ.

ಸಂಜೆ ಮಾವನವರ ಫೋನು. “ಅಳಿಯಂದ್ರೇ, ಗಾಡಿ ವಿಷಯ ಒಂದು...” ಅನ್ನುವಷ್ಟರಲ್ಲೇ ನಾನು ಹೆದರಿ, “ಆಯ್ತು ಮಾವ, ಸ್ಟಾರ್ಟ್ ಆಯ್ತು! ಒಂದೇ ಸಲಕ್ಕೆ! ಹೂವಿನ ಥರ!” ಎಂದು ಒದರಿಬಿಟ್ಟೆ. ಮಾವನವರು ಮೆಲ್ಲಗೆ, “ಹೌದಾ? ಸೌಂಡ್ ಹೇಗಿತ್ತು?” ಎಂದರು.

ಅಂದಿನಿಂದ ದಿನವೂ ಇದೇ. ಬೆಳಗ್ಗೆ ಹೋಗಿ ಅರ್ಧ ಕೀ ತಿರುಗಿಸಿ, ರೇಡಿಯೋ ಕೇಳಿ, ಒಳಗಿನ ದೀಪ ಹಾಕಿಕೊಂಡು ಪೇಪರ್ ಓದಿ ಬರುತ್ತಿದ್ದೆ. ಸಂಜೆ ಮಾವನವರು ಫೋನ್ ಮಾಡಿ “ಆಮೇಲೆ?” ಎನ್ನುತ್ತಿದ್ದರು. ಭಯಕ್ಕೆ ನಾಲಿಗೆ ಉದ್ದ. ಒಂದು ದಿನ ಬೀದಿ ಕೊನೆಯವರೆಗೆ ಓಡಿಸಿಕೊಂಡು ಬಂದೆ ಎಂದೆ. ಇನ್ನೊಂದು ದಿನ ಅಡ್ಡ ಬಂದ ನಾಯಿಯನ್ನು ಬ್ರೇಕ್ ಹಾಕಿ ಉಳಿಸಿದೆ. ಮತ್ತೊಂದು ದಿನ ಪೊಲೀಸಿನವನೊಬ್ಬ ಗಾಡಿ ನಿಲ್ಲಿಸಿ ನನ್ನ ಚಾಲನಾ ಕೌಶಲ್ಯವನ್ನು ಮುಕ್ತಕಂಠದಿಂದ ಪ್ರಶಂಸಿಸಿದ. ಎಲ್ಲದಕ್ಕೂ “ಹೌದಾ? ಭೇಷ್!” ಎನ್ನುತ್ತಿದ್ದರು. ಫೋನ್ ಇಟ್ಟಮೇಲೆ ನನ್ನ ಅಂಗಿ ಹಿಂಡಿದರೆ ನೀರು ಬರುತ್ತಿತ್ತು.

ಮಾವನವರು ವಾಪಸು ಬರುವ ದಿನ ಬಂತು. ಮಧ್ಯಾಹ್ನದ ರೈಲು. ನನ್ನಾಕೆ ರಜೆ ಹಾಕಿ, “ಗಾಡೀಲೇ ಹೋಗಿ ಕರ್ಕೊಂಡು ಬರೋಣ. ಅಪ್ಪಂಗೆ ಖುಷಿಯಾಗುತ್ತೆ. ನಾನೇ ಓಡಿಸ್ತೀನಿ” ಎಂದಳು. ನಾನು ಕಾರಿನ ಪಕ್ಕ ಗೋಡೆಗೆ ಒರಗಿ ನಿಂತೆ. ಅವಳು ಕೂತು ಕೀಯನ್ನು ಪೂರ್ತಿ ತಿರುಗಿಸಿದಳು.

ಟಿಕ್.

ಅಷ್ಟೇ. ಮತ್ತೊಮ್ಮೆ ತಿರುಗಿಸಿದಳು. ಈ ಸಲ ಟಿಕ್ ಕೂಡ ಇಲ್ಲ. ಒಳಗಿನ ದೀಪದ ಸ್ವಿಚ್ ಹಾಕಿದಂತೆಯೇ ಇತ್ತು. ಹಿಂದಿನ ದಿನ ಪೇಪರ್ ಓದಿ ಎದ್ದವನು ಆರಿಸಿರಲಿಲ್ಲ.

“ರೀ! ನಿನ್ನೆ ಸ್ಟಾರ್ಟ್ ಆಗಿತ್ತು ತಾನೆ?”

“ಆಗಿತ್ತಪ್ಪ! ಹೂವಿನ ಥರ!”

“ಹಾಗಾದ್ರೆ ಈ ದೀಪದಿಂದ ಬ್ಯಾಟರಿ ಇಳಿದಿದೆ ಅಷ್ಟೇ. ಎದುರುಮನೆ ಡಾಕ್ಟ್ರನ್ನ ಕರೀರಿ, ಅವರ ಹತ್ರ ಕೇಬಲ್ ಇದೆ.”

ಎದುರುಮನೆಯವರು ಹಲ್ಲಿನ ಡಾಕ್ಟರು. ತಮ್ಮ ಕಾರನ್ನು ತಂದು ಮೂತಿಗೆ ಮೂತಿ ತಾಗುವಂತೆ ನಿಲ್ಲಿಸಿ, ನಮ್ಮದರ ಬಾನೆಟ್ ಕಡೆ ಬೆರಳು ಮಾಡಿ “ಎಲ್ಲಿ, ಬಾಯಿ ತೆಗೀರಿ” ಎಂದರು. ಬಗ್ಗಿ ನೋಡಿ ಲೊಚಗುಟ್ಟಿದರು. “ಬ್ಯಾಟರಿ ಟರ್ಮಿನಲ್ ಮೇಲೆ ಎಷ್ಟು ಬಿಳಿ ಕಟ್ಟಿದೆ ನೋಡಿ. ಇದರ ಮೇಲೆ ಕ್ಲಿಪ್ ಹಾಕಿದ್ರೆ ಕರೆಂಟ್ ಹರಿಯಲ್ಲ. ಕ್ಲೀನ್ ಮಾಡ್ಬೇಕು.” ನನ್ನಾಕೆ ಬಿಸಿನೀರು, ಅಡುಗೆ ಸೋಡ, ಹಳೆಯ ಹಲ್ಲುಜ್ಜುವ ಬ್ರಷ್ ತಂದಳು. ಡಾಕ್ಟರು ಉಜ್ಜುತ್ತ ಕೇಳಿದರು: “ನಿಜ ಹೇಳಿ, ತೊಂದರೆ ಯಾವಾಗಿಂದ? ಪೇಷಂಟ್ ಕಡೆಯವರು ಸುಳ್ಳು ಹೇಳಿದ್ರೆ ನಾವು ಒಳ್ಳೆ ಹಲ್ಲು ಕೀಳ್ತೀವಿ.”

“ನಿನ್ನೆವರೆಗೂ ಗಟ್ಟಿಮುಟ್ಟಾಗಿತ್ತು ಡಾಕ್ಟ್ರೇ” ಎಂದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಾಳೆ, ಬೇರೆ ಏನು ಹೇಳಲಿ?

ಕೆಂಪು ಕ್ಲಿಪ್ಪುಗಳನ್ನು ಎರಡೂ ಬ್ಯಾಟರಿಗೆ ಅವರೇ ಹಾಕಿದರು. ಕಪ್ಪಿನ ಒಂದು ತುದಿ ಅವರ ಬ್ಯಾಟರಿಗೆ. ಇನ್ನೊಂದನ್ನು ನನ್ನ ಕೈಗೆ ಕೊಟ್ಟು, “ಇದನ್ನ ಬ್ಯಾಟರಿಗೆ ಹಾಕ್ಬೇಡಿ, ದೂರದಲ್ಲಿ ಆ ಬೋಲ್ಟಿಗೆ ಹಾಕಿ. ಸ್ವಲ್ಪ ಕಿಡಿ ಹಾರ್ಬಹುದು, ಏನೂ ಆಗಲ್ಲ” ಎಂದರು. (‘ಸ್ವಲ್ಪವೂ ನೋವಾಗಲ್ಲ’ ಎನ್ನುವುದೂ ಇವರೇ.) ಬ್ಯಾಟರಿ ಸಿಡಿದ ಹೇಳಿಕೆಗಳನ್ನು ನಾನು ಓದಿದ್ದೇನೆ. ಅವುಗಳನ್ನು ಎಡಗೈಯಲ್ಲಿ ಬರೆದಿರುತ್ತಾರೆ. ಕಣ್ಣು ಮುಚ್ಚಿ, ಮುಖ ತಿರುಗಿಸಿ, ಕೈ ಚಾಚಿದೆ. ಚಟ್! ಕಿಡಿ ಹಾರಿತು, ನಾನೂ ಹಾರಿದೆ. ಇಳಿದದ್ದು ಷೆಡ್ಡಿನ ಮೂಲೆಯಲ್ಲಿದ್ದ ನೀರಿನ ಬಕೆಟ್ಟಿನೊಳಗೆ.

“ಬದುಕಿದೀರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕ್ಲಿಪ್ಪನ್ನು ತಾನೇ ಹಾಕಿ ಹೆಂಡತಿ ಕಾರು ಹತ್ತಿದಳು. ಡಾಕ್ಟರ ಇಂಜಿನ್ ಸ್ವಲ್ಪ ಹೊತ್ತು ಓಡಿತು. ಅವಳು ಕೀ ತಿರುಗಿಸಿದಳು. ಗರ್ ಗರ್ ಗರ್! ಇಂಜಿನ್ ಜೋರಾಗಿ ತಿರುಗಿತು. ಹತ್ತಿಕೊಳ್ಳಲಿಲ್ಲ. ಮತ್ತೆ ಗರ್ ಗರ್ ಗರ್. ಮತ್ತೆ. ಊಹೂಂ.

ಡಾಕ್ಟರು ತಲೆ ಕೆರೆದುಕೊಂಡರು. “ಬ್ಯಾಟರಿ ಸರಿಹೋಯ್ತು. ದೀಪ ಫಳಫಳ ಅಂತಿದೆ. ಪೆಟ್ರೋಲ್ ಇದೆ. ಆದ್ರೂ ಹತ್ತಲ್ಲ ಅಂದ್ರೆ... ನಿನ್ನೆ ಓಡಿದ ಗಾಡಿಗೆ ಹೀಗಾಗೋಕೆ ಸಾಧ್ಯವೇ ಇಲ್ಲ.”

‘ಸಾಧ್ಯವೇ ಇಲ್ಲ’ ಎಂಬ ಮಾತಿಗೆ ನನ್ನಾಕೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ಆ ನೋಟ ಎಲ್ಲಿಂದ ಬಂದದ್ದೆಂದು ಹೇಳಬೇಕಿಲ್ಲ, ರಕ್ತದಲ್ಲೇ ಇದೆ. “ರೀ, ನನ್ನ ಕಣ್ಣು ನೋಡಿ ಹೇಳಿ” ಎಂದು ಅವಳು ಬಾಯಿ ತೆಗೆಯುವುದಕ್ಕೂ ಗೇಟಿನ ಮುಂದೆ ಟ್ಯಾಕ್ಸಿಯೊಂದು ನಿಲ್ಲುವುದಕ್ಕೂ ಸರಿಹೋಯಿತು. ಇಳಿದವರು ಮಾವನವರು. ಹೇಳಿದ್ದಕ್ಕಿಂತ ಮುಂಚಿನ ರೈಲಿಗೇ ಬಂದುಬಿಟ್ಟಿದ್ದರು. ಕಪ್ಪು ಕನ್ನಡಕ ಹಾಕಿದ್ದರಿಂದ ಅವರು ಎತ್ತ ನೋಡುತ್ತಿದ್ದಾರೆಂದೇ ತಿಳಿಯದೆ ನನ್ನ ಭಯ ಇಮ್ಮಡಿಯಾಯಿತು.

“ಏನು ವಿಶೇಷ?”

“ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಪ್ಪ” ಎಂದಳು ಮಗಳು. ಧ್ವನಿ ಆಗಲೇ ಒಡೆದಿತ್ತು.

“ಅಳಿಯಂದ್ರೇ, ನಿನ್ನೆ ಸ್ಟಾರ್ಟ್ ಆಗಿತ್ತು ಅಂದ್ರಿ?”

“ಹೌ... ಹೌದು ಮಾವ. ಹೂವಿನ...”

“ಥರ” ಎಂದು ಅವರೇ ಮುಗಿಸಿದರು. ಕಾರಿನ ಬಾಗಿಲು ತೆಗೆದು, ಬಗ್ಗಿ, ಡ್ರೈವರ್ ಸೀಟಿನ ಕೆಳಗೆ ಕೈಹಾಕಿ ಏನನ್ನೋ ಟಕ್ ಎನಿಸಿದರು. “ಈಗ ತಿರುಗಿಸಮ್ಮ.”

ಒಂದೇ ಸಲಕ್ಕೆ ಇಂಜಿನ್ ಹೊತ್ತಿಕೊಂಡಿತು. ನಾನು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತೆ.

“ಪೆಟ್ರೋಲ್ ಪಂಪ್ ಆಫ್ ಮಾಡೋ ಸ್ವಿಚ್ಚು” ಎಂದರು ಮಾವನವರು. “ಕಳ್ಳರ ಮಧ್ಯೆ ಬದುಕಿದವನು ನೋಡಿ, ಹಾಕಿಸಿದ್ದೆ. ಹೊರಡೋ ದಿನ ಅಭ್ಯಾಸಬಲದಲ್ಲಿ ಆಫ್ ಮಾಡಿಬಿಟ್ಟು, ನಿಮಗೆ ಹೇಳೋಕೆ ಮರೆತೆ. ಮರುದಿನ ನೆನಪಾಗಿ ಫೋನ್ ಮಾಡಿದ್ರೆ, ನಾನು ಬಾಯಿ ತೆಗೆಯೋಕೆ ಮುಂಚೇನೇ ಸ್ಟಾರ್ಟ್ ಆಯ್ತು ಅಂದ್ರಿ!”

“ಮಾವ, ಅದು...”

“ಬೈಯೋಣ ಅಂತಾನೇ ಇದ್ದೆ. ಆದ್ರೆ ಕಣ್ಣಿಗೆ ಪಟ್ಟಿ. ಟಿವಿ ಇಲ್ಲ, ಪೇಪರ್ ಇಲ್ಲ, ಮಲಗಿ ಮಲಗಿ ಬೇಜಾರು. ಆ ಹೊತ್ತಿಗೆ ನೀವು ನಾಯಿ ಉಳಿಸಿದ್ರಿ. ಸ್ಪೀಕರ್ ಹಾಕಿದೆ. ಪೊಲೀಸಿನವನು ಬಂದ ದಿನ ಅಲ್ಲಿ ಅಕ್ಕಪಕ್ಕದ ಮನೆಯವರೂ ಬಂದು ಕೂತಿದ್ರು. ಬ್ಯಾಟರಿ ಹೋದ್ರೆ ಹೊಸದು ಸಿಗುತ್ತೆ ಅಳಿಯಂದ್ರೇ, ಇಂಥ ಕಥೆ ಎಲ್ಲಿ ಸಿಗುತ್ತೆ?”

ಡಾಕ್ಟರು ಕೇಬಲ್ ಸುತ್ತುವ ನೆಪದಲ್ಲಿ ಬಾನೆಟ್ಟಿನ ಹಿಂದೆ ಬಗ್ಗಿ ನಗುತ್ತಿದ್ದರು. ಹೆಂಡತಿ ನಗಲಿಲ್ಲ. “ಅಪ್ಪ, ಹಾಗಾದ್ರೆ ಗಾಡಿ ಚಿಕ್ಕಪ್ಪನ ಮಗನಿಗಾ?” ಎಂದಳು. ಅಷ್ಟು ಹೊತ್ತು ನನಗೆ ಆಗಿದ್ದ ಭಯಗಳೆಲ್ಲ ಒಂದು ತೂಕ, ಆ ಪ್ರಶ್ನೆಗೆ ಉತ್ತರ ಬರುವವರೆಗೆ ಆದ ಭಯವೇ ಒಂದು ತೂಕ. “ಮಾವ, ತಪ್ಪು ನನ್ನದು. ಅವಳ ಭುಜ ನೋಡಿ ಕೊಡಿ, ನನ್ನ ಮುಖ ನೋಡ್ಬೇಡಿ” ಎಂದು ನಾನು ಎರಡೂ ಕೈ ಮುಗಿದೆ.

ಮಾವನವರು ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. “ಇದೊಂದು ಮಾತು ನಿಜ ಹೇಳಿದ್ರಿ” ಎಂದು ಮಗಳತ್ತ ತಿರುಗಿ, “ಗಾಡಿ ನಿಂದೇ ಕಣಮ್ಮ” ಎಂದರು. ಅವಳು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ಯಾಟರಿ ತುಂಬಲೆಂದು ಊರು ಸುತ್ತಲು ಹೊರಟಳು. ನನಗೆ ಬಕೆಟ್ಟು ತೊಳೆದಿಡುವ ಕೆಲಸ ಸಿಕ್ಕಿತು. ಬದುಕಿದೆ, ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡು ಮನೆಗೆ ಬಂದು ಬಟ್ಟೆ ಬದಲಿಸಿದೆ.

ಸಂಜೆ ಫೋನ್ ಬಡಿದುಕೊಂಡಿತು. ದೊಡ್ಡ ಅಳಿಯ, ನನ್ನ ಷಡ್ಡಕ. ಹಿಂದೆ ತಟ್ಟೆ ಲೋಟಗಳ ಸದ್ದು, ಯಾರೋ “ಶ್, ಶ್” ಎನ್ನುತ್ತಿದ್ದರು.

“ಏನ್ರೀ ಇದು? ಮಾವ ಹೊರಟುಹೋದ್ರು ಅಂತ ನಿಲ್ಲಿಸಿಬಿಡೋದಾ? ಎಲ್ಲರೂ ಬಂದು ಕೂತಿದಾರೆ, ಪಕ್ಕದ ಮನೆ ಅಜ್ಜಿ ಕಿವಿ ಮಿಷನ್ ಬೇರೆ ಹಾಕ್ಕೊಂಡು ಬಂದಿದಾರೆ. ಹೇಳಿ, ಇವತ್ತು ಗಾಡಿ ಎಲ್ಲಿಗೆ ಹೋಗಿತ್ತು?”