ಪುರಟ್ಟಾಸಿ ವ್ರತ ಹಿಡಿದ ಶಾರ್ಕುಗಳು

ದೀಪಾವಳಿ ಕಳೆದ ವಾರ, ಉದ್ದನಪಲ್ಲಿಯ ಕಲ್ಯಾಣಮಂಟಪವೊಂದರಲ್ಲಿ ಎರಡನೆಯ ಪಂಕ್ತಿಯ ಊಟಕ್ಕೆ ಕಾದು ಕುಳಿತಿದ್ದಾಗ, ಪಕ್ಕದ ನೆಂಟರೊಬ್ಬರು, "ಇಲ್ಲಿದ್ದ ಶಾರ್ಕುಗಳು ಏನಾದವು?" ಎಂದು ಕೇಳಿದರು. ಅನ್ನ ಬರುವವರೆಗೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮೂರು ಭಾಷೆಗಳಲ್ಲಿ ವಾದಿಸಿ ಒಂದರಲ್ಲಿಯೂ ಸೋಲೊಪ್ಪದ ನಮ್ಮ ಗಡಿಸೀಮೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಮಂಟಪದ ಯಜಮಾನರು ಗುಲಾಬಿ ಬೆಳೆದು ಮೇಲೆ ಬಂದವರು. ಎದುರಿನ ಮಂಟಪದವರು ಬಣ್ಣದ ಕಾರಂಜಿ ಹಾಕಿಸಿದರೆಂಬ ಒಂದೇ ಕಾರಣಕ್ಕೆ, ಸಮುದ್ರದ ಗಾಳಿಯೂ ಸುಳಿಯದ ಈ ಊರಿನಲ್ಲಿ ಗಾಜಿನ ತೊಟ್ಟಿ ಕಟ್ಟಿಸಿ, ಉಪ್ಪುನೀರು ತುಂಬಿಸಿ, ಆಳುದ್ದದ ಎರಡು ಶಾರ್ಕುಗಳನ್ನು ತಂದು ಬಿಟ್ಟರು. ನಿವೃತ್ತ ಕನ್ನಡ ಪಂಡಿತನಾದ ನನ್ನನ್ನು, ತಮಗೆ ಪಾಠ ಹೇಳಿದವನೆಂಬ ಸಲುಗೆಯಿಂದ, ನೋಡಬಂದವರಿಗೆ ವಿವರಣೆ ನೀಡಲು ಕೂರಿಸಿದರು. ನನಗಾದರೂ ಸಮುದ್ರದ ಪರಿಚಯವಿದ್ದದ್ದು ಹಳಗನ್ನಡದ ವರ್ಣನೆಗಳಲ್ಲಿ ಮಾತ್ರ.

ಕಾವಲುಗಾರ

ಶಾರ್ಕುಗಳ ಆರೈಕೆಗೆ ಯಜಮಾನರು ಆರಿಸಿದ್ದು ಸಾನಮಾವಿನ ಒಬ್ಬ ರೈತನನ್ನು. ಹೊಲಕ್ಕೆ ನುಗ್ಗುವ ಆನೆಗಳನ್ನು ಅಟ್ಟುವುದರಲ್ಲಿ ಅವನದು ಎತ್ತಿದ ಕೈ.

"ಆನೇನೇ ಓಡ್ಸಿದೋನು ಮೇಷ್ಟ್ರೇ, ಮೀನು ಯಾವ ಲೆಕ್ಕ?" ಎಂದರು ಯಜಮಾನರು.

ಮೊದಲ ದಿನ ಬೀಗರ ದಂಡು ನೋಡಬಂದಾಗ ತೊಟ್ಟಿಯಲ್ಲಿ ನೀರಿನ ಹೊರತು ಏನೂ ಕಾಣಲಿಲ್ಲ. ಕಾವಲುಗಾರ ತಗಡು ಬಡಿದು, ಕೂಗು ಹಾಕಿ, ಎರಡನ್ನೂ ಕೃತಕ ಬಂಡೆಯ ಹಿಂದಕ್ಕೆ ಅಟ್ಟಿದ್ದನು. ಬೆವರು ಒರೆಸಿಕೊಳ್ಳುತ್ತ ಬಂದು ವರದಿ ಒಪ್ಪಿಸಿದನು: "ಎರಡೂವೆ ಕಾಡು ಸೇರ್ಕೊಂಡ್ವು ಅಣ್ಣಾ. ಇನ್ನು ಈ ಕಡೆ ತಲೆ ಹಾಕಾಕಿಲ್ಲ."

ಬಾಣಂತಿಯ ಪಥ್ಯ

ಒಂದು ಬೆಳಗ್ಗೆ ಜವಳಗಿರಿಯ ಕಡೆಯ ಅಜ್ಜಿಯೊಬ್ಬರು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನಿಂತರು. ಅವರ ತನ್ಮಯತೆಗೆ ಮನಸೋತು ನಾನು ಸಮುದ್ರದ ಗಾಂಭೀರ್ಯವನ್ನೂ ಜಲಚರಗಳ ಪ್ರತಾಪವನ್ನೂ ದೀರ್ಘವಾಗಿ ವರ್ಣಿಸಿದೆನು. ಅಜ್ಜಿ ಸಮಾಧಾನದಿಂದ ಪೂರ್ತಿ ಕೇಳಿದರು.

"ಅದೆಲ್ಲ ಸರಿ ಸಾಮಿ. ಇದು ಸುರಾ ಮೀನೇ ಅಲ್ವಾ? ನಮ್ಮ ಮೊಮ್ಮಗಳು ಬಾಣಂತಿ. ಇದನ್ನ ಬೇಯ್ಸಿ ಉದುರ್ಸಿ ಹುರಿದು ಪುಟ್ಟು ಮಾಡಿ ತಿಂದ್ರೆ ಹಾಲು ಚೆನ್ನಾಗಿ ಬತ್ತದೆ."

ಇವು ನೋಡಲು ಮಾತ್ರ ಇರುವಂಥವು ಎಂದು ತಿಳಿಸಿದೆನು. ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಒಂದನ್ನ ನೋಡ್ರಿ, ಇನ್ನೊಂದ್ರಲ್ಲಿ ಬಾಲದ ಕಡೆ ಒಂದು ತುಂಡು ಕೊಡ್ರಿ" ಎಂದರು.

ವ್ರತ

ತಮಿಳು ಪಂಚಾಂಗದ ಪುರಟ್ಟಾಸಿ ತಿಂಗಳು ಬಂದಿತು. ತಿಂಗಳಿಡೀ ಮಾಂಸ ಮುಟ್ಟದಿರುವುದು ಯಜಮಾನರ ಮನೆಯ ಪದ್ಧತಿ. ಈ ಬಾರಿ ಪದ್ಧತಿಯನ್ನು ಅವರು ತೊಟ್ಟಿಯೊಳಕ್ಕೂ ವಿಸ್ತರಿಸಿದರು.

"ನಮ್ಮ ಉಪ್ಪಲ್ಲಿ ಇರೋವು, ನಮ್ಮಂಗೇ ಇರ್ಲಿ" ಎಂದು ಮೀನು ನಿಲ್ಲಿಸಿ, ಬೇಯಿಸಿದ ಸೋಯಾ ಉಂಡೆ ಹಾಕಿಸಿದರು. ಶಾರ್ಕುಗಳು ಮೂಸಿಯೂ ನೋಡಲಿಲ್ಲ. ಹಸಿದು ಸಾಯುತ್ತವೆ ಎಂದು ನಾನು ಎಚ್ಚರಿಸಿದರೆ, "ಉಪವಾಸದಿಂದ ಯಾರು ಸತ್ತವ್ರೆ ಮೇಷ್ಟ್ರೇ?" ಎಂದು ಬಾಳೆಹಣ್ಣಿನ ರಸಾಯನದ ಬಟ್ಟಲನ್ನು ಬರಿದು ಮಾಡಿದರು.

ಕಾವಲುಗಾರ ಬೇರೆಯೇ ದಾರಿ ಹಿಡಿದನು. ಯಜಮಾನರು ಪೂಜೆಗೆ ಕೂತ ಹೊತ್ತಿಗೆ ಹಿಂಬಾಗಿಲಿನಿಂದ ಮತ್ತಿ ಮೀನು ತಂದು ಹಾಕತೊಡಗಿದನು. ಶಾರ್ಕುಗಳು ಮೈ ತುಂಬಿಕೊಂಡವು. ಇದು ಸೋಯಾದ ಮಹಿಮೆ ಎಂದು ಯಜಮಾನರು ಊರೆಲ್ಲ ಸಾರಿದರು. ಭಜನೆಯ ಹೆಂಗಸರೆಲ್ಲ ಬಂದು ಗಾಜಿನೆದುರು ಕೈಮುಗಿದು ನಿಂತಿದ್ದಾಗ, ದೊಡ್ಡ ಶಾರ್ಕು ಬಾಯ್ತೆರೆದು ತಿಂದುದನ್ನು ಕಕ್ಕಿತು. ಮತ್ತಿಯ ಬಾಲವೊಂದು ಮೆಲ್ಲನೆ ತೇಲಿಬಂದಿತು.

ಯಜಮಾನರು ಕಣ್ಣು ಮಿಟುಕಿಸದೆ ನುಡಿದರು: "ಬದ್ನೇಕಾಯಿ ತೊಟ್ಟು."

ಆಯುಧಪೂಜೆ

ಆ ದಿನ ಯಂತ್ರಗಳಿಗೆ ವಿಶ್ರಾಂತಿ. ಅಕ್ಕಿ ರುಬ್ಬುವ ಗ್ರೈಂಡರಿಗೂ ಜನರೇಟರಿಗೂ ವಿಭೂತಿ, ಕುಂಕುಮ, ಹಾರ. ಹಾಗೆಯೇ ತೊಟ್ಟಿಯ ನೀರನ್ನು ಶುದ್ಧಿಮಾಡಿ ಗಾಳಿ ತುಂಬುವ ಮೋಟಾರಿಗೂ ಸ್ವಿಚ್ಚು ಆರಿಸಿ, ಸೇವಂತಿಗೆಯ ಹಾರ ಹಾಕಿದ್ದರು.

ನಾನು ಬಂದು ನೋಡುವಾಗ ಶಾರ್ಕುಗಳ ಈಜು ಕುಂದಿತ್ತು. ಕಿವಿರುಗಳು ಏದುಸಿರಿನಂತೆ ಬಡಿಯುತ್ತಿದ್ದವು. ಆ ಮೋಟಾರು ಅವುಗಳ ಪ್ರಾಣವಾಯು ಎಂದು ಯಜಮಾನರಿಗೆ ಹೇಳಿದೆನು.

"ಪೂಜೆ ಆದ ಮಿಷೀನ್ನ ಇವತ್ತು ಮುಟ್ಟಬಾರ್ದು ಮೇಷ್ಟ್ರೇ. ನಾಳೆ ಬೆಳಗ್ಗೆ ಹಾಕುಸ್ತೀನಿ."

ನಾಳೆ ಬೆಳಗ್ಗೆ ಅಜ್ಜಿಗೆ ಪುಟ್ಟು ಸಿಗುವುದು ಖಂಡಿತವಾಗಿತ್ತು. ಪ್ರಾಣರಕ್ಷಣೆಯೇ ಪರಮಧರ್ಮವೆಂದು ಹಳೆಯ ಗ್ರಂಥಗಳ ಆಧಾರದಿಂದ ಪ್ರತಿಪಾದಿಸಿದೆನು.

"ಆ ಪುಸ್ತಕ ಬರ್ದೋರು ಮೋಟ್ರು ಕಂಡಿದ್ರಾ?" ಎಂದರು.

ಅಷ್ಟರಲ್ಲಿ ಕಾವಲುಗಾರ ತಲೆ ಕೆರೆದುಕೊಂಡನು. "ಅಣ್ಣಾ, ಕಾರ್ಗೂ ಪೂಜೆ ಆಯ್ತಲ್ಲ. ಆಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಓಡುಸ್ದ್ರಿ."

"ಅದು ಪದ್ಧತಿ ಕಣ್ಲಾ."

"ಮೋಟ್ರುಗೆ ಆ ಸುತ್ತೇ ಆಗಿಲ್ವಲ್ಲಣ್ಣಾ. ಪೂಜೆ ಅರ್ಧಕ್ಕೇ ನಿಂತದೆ."

ಯಜಮಾನರ ಮುಖ ಬಿಳಿಚಿಕೊಂಡಿತು. ಶಾರ್ಕು ಸಾಯುವುದನ್ನು ಸಹಿಸಬಲ್ಲವರು, ಪೂಜೆ ಅರ್ಧಕ್ಕೆ ನಿಲ್ಲುವುದನ್ನು ಸಹಿಸಲಾರರು. ತಾವೇ ಓಡಿಹೋಗಿ ಮೋಟಾರಿನ ಕೆಳಗೆ ನಿಂಬೆಹಣ್ಣಿಟ್ಟು ಸ್ವಿಚ್ಚು ಹಾಕಿದರು. ನೀರಿನಲ್ಲಿ ಗುಳ್ಳೆಗಳೆದ್ದವು, ಶಾರ್ಕುಗಳು ಮೆಲ್ಲನೆ ಚೇತರಿಸಿಕೊಂಡವು.

ಸ್ವಲ್ಪ ಹೊತ್ತಿಗೆ ಯಜಮಾನರು ಬಂದು, "ಸುತ್ತು ಆಯ್ತೇನ್ಲಾ? ಆರ್ಸು" ಎಂದರು.

ಕಾವಲುಗಾರ ಮೋಟಾರಿಗೆ ಕಿವಿಯಿಟ್ಟು ಆಲಿಸಿದನು. "ಇಲ್ಲಣ್ಣಾ. ಕಾರಂಗಲ್ಲ ಇದು, ನಿಂತಲ್ಲೇ ಓಡ್ತದೆ. ನಿಂಬೆಹಣ್ಣು ಇನ್ನೂ ದಾಟಿಲ್ಲ."

ಮರುದಿನ ಯಜಮಾನರು ಬಂದು ನೋಡಿದಾಗಲೂ ಮೋಟಾರು ನಿಂಬೆಹಣ್ಣನ್ನು ದಾಟಿರಲಿಲ್ಲ.

ಆ ವಾರವೇ, ಮುಗಿಯದ ಪೂಜೆಯಿಂದ ಬೇಸತ್ತ ಯಜಮಾನರು ಹೇಳಿಕಳಿಸಿದ ಮೇಲೆ, ಕಡಲತೀರದ ಮತ್ಸ್ಯಾಲಯವೊಂದರವರು ಬಂದು ಎರಡು ಶಾರ್ಕುಗಳನ್ನೂ ಕೊಂಡೊಯ್ದರು. ಕಾವಲುಗಾರ ಆನೆಗಳ ಬಳಿಗೆ ಹಿಂತಿರುಗಿದನು. ತೊಟ್ಟಿಯಲ್ಲಿ ಈಗ ಬಣ್ಣದ ಕಾರಂಜಿಯಿದೆ.