ನಮ್ಮ ಭಾವನ ಐರ್ಲೆಂಡ್ ಸರ್ಕಾರ

ನಮ್ಮ ಭಾವನಿಗೆ ಬಿ.ಪಿ. ಇರುವುದು ನಿಜ. ಆದರೆ ಅದು ಉಪ್ಪಿನಕಾಯಿಯಿಂದ ಬಂದದ್ದಲ್ಲ, ಐರ್ಲೆಂಡ್ ಸರ್ಕಾರದಿಂದ ಬಂದದ್ದು! ನಂಬುವುದಿಲ್ಲವೇ? ನರಸೀಪುರದಲ್ಲಿ ಅವರು ಡಾಕ್ಟರ ಮುಂದೆ ಕೂತಾಗ ಪಕ್ಕದ ಕುರ್ಚಿಯಲ್ಲಿ ನಾನೇ ಇದ್ದೆ.

"ಯಜಮಾನ್ರೇ, ಮನಸ್ಸಿಗೇನಾದ್ರೂ ಟೆನ್ಷನ್ ಇದೆಯಾ?" ಎಂದರು ಡಾಕ್ಟರು, ತೋಳಿನ ಪಟ್ಟಿ ಬಿಚ್ಚುತ್ತಾ.

"ಐತೆ ಸಾ. ಸಮ್ಮಿಶ್ರ ಸರ್ಕಾರ ಅಲ್ಲಾಡ್ತಾ ಅದೆ."

"ಯಾವುದು, ಡೆಲ್ಲೀದಾ?"

"ಡಬ್ಲಿನ್ದು ಸಾ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಕಿಡ್ನಿಯ ಚಿತ್ರ ನೋಡಿದೆ. ಅರ್ಧ ಇದ್ದ ಮಾತ್ರೆ ಒಂದಾಯಿತು.

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಹೆಮ್ಮಿಗೆಯವರು. ಮಗ, ಸೊಸೆ, ಮೊಮ್ಮಕ್ಕಳು, ಎರಡು ಹಸು, ಒಂದು ಟ್ರ್ಯಾಕ್ಟರು ಎಲ್ಲ ಸೇರಿ ಗಿಜಿಗುಡುವ ಮನೆ. ನಾನು ನಂಜನಗೂಡಿನಲ್ಲಿ ಕಾಲೇಜು ಮೇಡಂ. ಹುಡುಗರಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಈ ವಿಷಯ ಭಾವನಿಗೆ ನೆನಪಿರುವುದು ನನ್ನನ್ನು ಸೋಲಿಸಬೇಕು ಅನ್ನಿಸಿದಾಗ ಮಾತ್ರ. "ನಿನ್ ಪುಸ್ತಕದಲ್ಲಿ ಇದಿಲ್ವೇನವ್ವಾ?" ಎನ್ನುತ್ತಾರೆ. ಇರುತ್ತದೆ. ನಾನು ಆ ಪಾಠ ಬಿಟ್ಟು ಮುಂದಕ್ಕೆ ಹೋಗಿರುತ್ತೇನೆ, ಅಷ್ಟೇ.

ಹೆಮ್ಮಿಗೆಗೂ ಐರ್ಲೆಂಡಿಗೂ ನಂಟು ಬೆಳೆದದ್ದು ಮಗಳು ಪವಿತ್ರಳಿಂದ. ಅವಳು ಅಲ್ಲೊಂದು ಆಸ್ಪತ್ರೆಯಲ್ಲಿ ನರ್ಸು. ಹೆರಿಗೆಗೆ ಅಂತ ಅಕ್ಕ ಹೊರಟಳು. ಸರಿ, ಬಾಣಂತನಕ್ಕೆ ತಾಯಿ ಬೇಕು. ಭಾವ ಯಾತಕ್ಕೆ ಬೇಕು? ಅವರೂ ಹೊರಟರು. ಹೋಗಿ ನೋಡಿದರೆ ಅಲ್ಲಿ ಗದ್ದೆಯಿಲ್ಲ, ಹಸುವಿಲ್ಲ, ಕೂರಲು ಅಂಗಡಿಕಟ್ಟೆಯಿಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಒಳಗೆ ಕೂಸು ಅಳುತ್ತದೆ, ಹೊರಗೆ ಮಳೆ ಸುರಿಯುತ್ತದೆ. ಎರಡಕ್ಕೂ ಭಾವನಿಂದ ಏನೂ ಮಾಡಲಾಗುವುದಿಲ್ಲ. ಕಿಟಕಿಯ ಹತ್ತಿರ ಮಂಕಿ ಟೋಪಿ ಹಾಕಿಕೊಂಡು ಕೂತುಬಿಟ್ಟರಂತೆ.

ಹಾಗಿರುವಾಗ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಮುಂದಿನದನ್ನು ಭಾವನ ಬಾಯಲ್ಲೇ ಕೇಳಬೇಕು.

"ತಗುದ್ರೆ ಒಬ್ಬ ಯಮ್ಮ ನಿಂತವ್ಳೆ. ಸೈಕಲ್ನಾಗೆ ಬಂದವ್ಳೆ. ತೊಪ್ಪೆಯಾಗಿ ನೆಂದೋಗವ್ಳೆ. ನಾನು, ಪಾಪ, ಏನೋ ಮಾರಕ್ ಬಂದವ್ಳೆ ಅಂದ್ಕಂಡೆ. ನಮ್ ಪವಿತ್ರ ಒಳಗಿಂದ ಕೂಗ್ತಾಳೆ, 'ಅಪ್ಪಾ, ಅವ್ರು ಇಲ್ಲಿ ಎಂಪಿ' ಅಂತ! ನಾನು ಇಂದಕ್ ನೋಡ್ದೆ. ಜೀಪಿಲ್ಲ, ಗನ್‌ಮ್ಯಾನಿಲ್ಲ, ಜೈ ಅನ್ನಕೆ ಒಂದ್ ನರಪಿಳ್ಳೆ ಇಲ್ಲ. 'ಎಲೆಕ್ಷನ್ ಯಾವಾಗವ್ವಾ?' ಅಂದೆ. 'ಇನ್ನೂ ಬಾಳ ದಿನ ಅದೆ' ಅಂದ್ಲು. ಎಲೆಕ್ಷನ್ ಇಲ್ದಾಗ ಯಾಕವ್ವಾ ಬಂದೆ?"

ಯಾಕೆಂದರೆ ಮನೆಮನೆಯ ಕಷ್ಟ ಕೇಳುವುದಕ್ಕಂತೆ! ಆಯಮ್ಮ ಮೆಟ್ಟಿಲ ಮೇಲೆ ಕೂತು, ಅಕ್ಕ ಕೊಟ್ಟ ಕಾಫಿ ಕುಡಿಯುತ್ತಾ, ನಿಮ್ಮದೇನು ತೊಂದರೆ ಎಂದು ಭಾವನನ್ನೇ ಕೇಳಿದರು. ಕೇಳಬಾರದಿತ್ತು. ಭಾವ ನಾಲೆಯ ಕೊನೆಯ ಗದ್ದೆಗಳಿಗೆ ನೀರು ಬಾರದ ಕಥೆಯನ್ನು ಬುಡದಿಂದ ಶುರುಮಾಡಿದರು. ತೂಬು, ನೀರು ಬಿಡುವ ಸೌಡಿ, ಇಂಜಿನಿಯರು, ಮೇಲಿನ ಗದ್ದೆಯವನ ದುರಹಂಕಾರ, ಯಾವುದನ್ನೂ ಬಿಡಲಿಲ್ಲ. ಕೂಸಿಗೆ ಹಾಲು ಕೊಡುತ್ತಿದ್ದ ಪವಿತ್ರ ಅಷ್ಟನ್ನೂ "ಅಪ್ಪ ರೈತರು" ಎಂದು ಎರಡೇ ಮಾತಿನಲ್ಲಿ ಇಂಗ್ಲಿಷಿಗೆ ಇಳಿಸಿದಳಂತೆ. ಆದರೂ ಆಯಮ್ಮ ಕೊನೆತನಕ ಭಾವನ ಮುಖವನ್ನೇ ನೋಡುತ್ತಾ ಕೂತಿದ್ದರಂತೆ.

"ನಂಗೆ ಅಲ್ಲಿ ಓಟಿಲ್ಲ ಅಂತ ಆಯಮ್ಮಂಗೆ ಗೊತ್ತಿತ್ತು ಕಣವ್ವಾ. ಆದ್ರೂ ಕೂತ್ಕಂಡ್ಲು" ಎನ್ನುತ್ತಾರೆ ಭಾವ, ಇವತ್ತಿಗೂ.

ಬೇರೆಯವರು ಫಾರಿನ್ನಿನಿಂದ ಚಾಕಲೇಟು ತರುತ್ತಾರೆ. ನಮ್ಮ ಭಾವ ಒಂದು ಪಕ್ಷವನ್ನು ತಂದರು. ಆಯಮ್ಮನ ಪಕ್ಷ ಅಲ್ಲಿನ ಸರ್ಕಾರದಲ್ಲಿ ಮೂರನೆಯದು, ತೀರಾ ಚಿಕ್ಕದು. ಮಿಕ್ಕೆರಡು ದೊಡ್ಡವು. ತಾತಂದಿರ ಕಾಲದಲ್ಲಿ ಒಬ್ಬರಿಗೊಬ್ಬರು ಬಂದೂಕು ಹಿಡಿದು ಹೊಡೆದಾಡಿದ ಎರಡು ಗುಂಪಿನ ಮೊಮ್ಮಕ್ಕಳು ಈಗ ಒಟ್ಟಿಗೆ ಕೂತು ರಾಜ್ಯವಾಳುತ್ತಿದ್ದಾರೆ. ಇದನ್ನು ಭಾವ ಟೀ ಅಂಗಡಿಯಲ್ಲಿ ವಿವರಿಸುವ ಚಂದವೇ ಬೇರೆ.

"ಮೇಗಲಕೇರಿಯೋರೂ ಕೆಳಗಲಕೇರಿಯೋರೂ ಒಂದೇ ಎಲೇಲಿ ಉಂಡಂಗೆ ಕಣ್ಲಾ!"

ಅಲ್ಲಿಯವರೆಗೆ ಎಲ್ಲರೂ ತಲೆಯಾಡಿಸಿದರು. ಕಷ್ಟವಾದದ್ದು ಆಮೇಲೆ. ಆ ಎರಡು ದೊಡ್ಡ ಪಕ್ಷದವರು ಪ್ರಧಾನಮಂತ್ರಿ ಕುರ್ಚಿಯನ್ನು ಅರ್ಧ ಕಾಲ ನೀನು, ಅರ್ಧ ಕಾಲ ನಾನು ಎಂದು ಹಂಚಿಕೊಂಡಿದ್ದರು ಎಂದರು ಭಾವ. ಅಂಗಡಿಯವನು ನಕ್ಕ. ಇದೆಲ್ಲ ನಮ್ಮವರೂ ಮಾತಾಡಿಕೊಳ್ಳುವುದೇ ತಾನೆ!

"ಆಮೇಲೇನಾಯ್ತು? ಮೊದಲ್ನೇವ್ನು ಬಿಡ್ನಿಲ್ಲ ತಾನೆ?"

"ಬುಟ್ಟ."

"ಏನ್ ಬುಟ್ಟ?"

"ಕುರ್ಚಿ ಕಣ್ಲಾ. ಏಳಿದ್ ಟೈಮಿಗೆ ಎದ್ದು ಇನ್ನೊಬ್ಬಂಗೆ ಕೊಟ್ಟ."

ಟೀ ಸೋಸುವವನ ಕೈ ಹಾಗೇ ನಿಂತಿತು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಎದ್ದು, ಟವೆಲು ಕೊಡವಿ, "ಸುಳ್ ಏಳಿದ್ರೂ ನಂಬಂಗ್ ಏಳ್ಬೇಕಪ್ಪ" ಎಂದು ಬೇಜಾರಾಗಿ ಮನೆಗೆ ಹೋದರು. ಅವತ್ತಿನಿಂದ ಊರಿನಲ್ಲಿ ಯಾರಾದರೂ ಅತಿಯಾಗಿ ಬುರುಡೆ ಬಿಟ್ಟರೆ "ಐರ್ಲೆಂಡ್ ಬುಡ್ಬೇಡ" ಎನ್ನುವುದು ರೂಢಿಯಾಗಿದೆ.

ಭಾವ ತಂದದ್ದು ಪಕ್ಷ ಒಂದನ್ನೇ ಅಲ್ಲ, ಓಟಿನ ಪದ್ಧತಿಯನ್ನೂ ತಂದರು. ಅಲ್ಲಿ ಒಬ್ಬರ ಹೆಸರಿನ ಮುಂದೆ ಮುದ್ರೆ ಒತ್ತಿ ಎದ್ದುಬರುವಂತಿಲ್ಲ. ಮೊದಲು ಯಾರು, ಎರಡನೆಯದು ಯಾರು, ಮೂರನೆಯದು ಯಾರು ಎಂದು ನಂಬರು ಬರೆಯಬೇಕು. ನಿಮ್ಮ ಮೊದಲನೆಯವರು ಸೋತು ಹೊರಬಿದ್ದರೆ ನಿಮ್ಮ ಓಟು ಎರಡನೆಯವರಿಗೆ ಹೋಗುತ್ತದೆ. ಓಟು ವ್ಯರ್ಥವಾಗುವುದಿಲ್ಲ! ಭಾವನಿಗೆ ಇದು ಎಷ್ಟು ಹಿಡಿಸಿತೆಂದರೆ, ನಾವೆಲ್ಲ ತಲಕಾಡಿನ ಹೊಳೆಗೆ ಹೊರಟಾಗ ಕಟ್ಟಿಕೊಳ್ಳುವ ತಿಂಡಿ ಯಾವುದು ಎಂಬುದನ್ನು ಅದೇ ಪದ್ಧತಿಯಲ್ಲಿ ತೀರ್ಮಾನಿಸಿದರು. ಕಣದಲ್ಲಿ ಇಡ್ಲಿ, ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು. ಮಕ್ಕಳಲ್ಲಿ ಹೆಚ್ಚಿನವರು ಇಡ್ಲಿ, ದೊಡ್ಡವರಲ್ಲಿ ಹೆಚ್ಚಿನವರು ಚಿತ್ರಾನ್ನ, ಮಿಕ್ಕ ನಾಲ್ಕಾರು ಜನ ಅವಲಕ್ಕಿ ಇಲ್ಲವೇ ಉಪ್ಪಿಟ್ಟು. ಎರಡು ಕಡೆಯವರೂ ಎದುರಾಳಿಗೆ ಕೊನೆಯ ನಂಬರು ಕೊಟ್ಟರು. ಅವಲಕ್ಕಿ ಮೊದಲು ಉರುಳಿತು, ಅದರ ಓಟು ಉಪ್ಪಿಟ್ಟಿಗೆ ಬಂತು. ಆಮೇಲೆ ಇಡ್ಲಿ ಉರುಳಿತು, ಅದೂ ಉಪ್ಪಿಟ್ಟಿಗೇ ಬಂತು. ಭಾವ ಜಗಲಿಯ ಮೇಲೆ ನಿಂತು ಫಲಿತಾಂಶ ಓದಿದರು. ಪ್ರಚಂಡ ಬಹುಮತದಿಂದ ಉಪ್ಪಿಟ್ಟು!

"ಯಾರ್ಗೂ ಬೇಕಿರ್ನಿಲ್ಲ, ಅದೆಂಗ್ ಗೆಲ್ತದೆ?" ಎಂದಳು ಅಕ್ಕ.

"ಯಾರೂ ಬ್ಯಾಡ ಅನ್ನಿಲ್ವಲ್ಲ, ಅದ್ಕೇ" ಎಂದರು ಭಾವ.

ಹೊಳೆಯ ದಂಡೆಯಲ್ಲಿ ಆರಿದ ಉಪ್ಪಿಟ್ಟು ನುಂಗುತ್ತಾ ನನಗೆ ಈ ಸಮ್ಮಿಶ್ರ ಸರ್ಕಾರಗಳ ಒಳಗುಟ್ಟು ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಇಷ್ಟರಲ್ಲಿ ಐರ್ಲೆಂಡಿನಲ್ಲಿ ಗಾಳಿ ತಿರುಗಿತ್ತು. ಬಾಡಿಗೆ ಏರಿತು, ಕೊಳ್ಳಲು ಮನೆಯಿಲ್ಲ, ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ. ಜನರಿಗೆ ಸರ್ಕಾರದ ಮೇಲೆ ಸಿಟ್ಟು. ಸಿಟ್ಟಾದವರಲ್ಲಿ ಮೊದಲ ಸಾಲಿನವಳೇ ನಮ್ಮ ಪವಿತ್ರ! ಅವಳು ಆಗಷ್ಟೇ ಅಲ್ಲಿನ ಪ್ರಜೆಯಾಗಿ ಓಟು ಪಡೆದಿದ್ದಳು. ಮೊದಲಿನ ಮನೆಯ ಬಾಡಿಗೆ ಕಟ್ಟಲಾಗದೆ ಗಂಡ, ಹೆಂಡತಿ, ಮಗು ಒಂದೇ ಕೋಣೆಗೆ ಬಂದಿದ್ದರು. ಅಡುಗೆಮನೆ ಇನ್ನೊಂದು ಸಂಸಾರದ ಜೊತೆ ಪಾಲು. ಒಗ್ಗರಣೆ ಹಾಕಿದರೆ ಆ ಮನೆಯವರಿಗೆ ಕೆಮ್ಮು, ಅವರು ಮೀನು ಬೇಯಿಸಿದರೆ ಇವಳಿಗೆ ತಲೆನೋವು. ಎಲೆಕ್ಷನ್ ಘೋಷಣೆಯಾದ ಮೇಲೆ ಹೆಮ್ಮಿಗೆಯಿಂದ ಪ್ರಚಾರ ಶುರುವಾಯಿತು. ಭಾನುವಾರ ನಾನು ಹೋದಾಗಲೆಲ್ಲ ಫೋನು ಸ್ಪೀಕರಿನಲ್ಲೇ ಇರುತ್ತಿತ್ತು.

"ಮಗಾ, ಆಯಮ್ಮಂಗೆ ಒಂದ್ ಓಟ್ ಆಕವ್ವಾ."

"ಅಪ್ಪಾ, ನೀನ್ ಬಂದು ಈ ರೂಮಲ್ಲಿ ಒಂದು ತಿಂಗಳು ಇರು, ಆಮೇಲೆ ಕೇಳು."

"ಮನೆ ಇಲ್ದಿದ್ಕೆ ಆಯಮ್ಮ ಏನ್ ಮಾಡಾಳು? ದೊಡ್ಡೋರಿಬ್ರು ಸೇರ್ಕಂಡು ಮಾಡಿದ್ದು."

"ಜೊತೇಲಿ ಕೂತಿದ್ರಲ್ಲ? ಎದ್ದು ಬರ್ಬೇಕಿತ್ತು."

ಭಾವ ನಂಜನಗೂಡಿನ ಬಟ್ಟೆ ಅಂಗಡಿಯಲ್ಲಿ ಸೀರೆಗೆ ಚೌಕಾಸಿ ಮಾಡುವಂತೆ ಇಳಿದರು. "ಓಗ್ಲಿ, ಮೊದಲ್ನೇದು ಯಾರ್ಗಾರೂ ಆಕ್ಕೋ. ಎರಡ್ನೇದು ಆಯಮ್ಮಂಗೆ ಕೊಡು."

"ಇಲ್ಲ."

"ಮೂರ್ನೇದು?"

"ಅಪ್ಪಾ!"

"ನಾಕ್ನೇದ್ನ ನೀನ್ ಏನ್ ಉಪ್ಪಾಕ್ಕಂಡ್ ನೆಕ್ತೀಯಾ?" ಎಂದು ಭಾವ ರೇಗಿದರು. ಅವಳು ಫೋನಿಟ್ಟಳು. ಅದಾದ ಮೇಲೆ ಅಪ್ಪ ಮಗಳ ನಡುವೆ ಮಾತು ನಿಂತೇಹೋಯಿತು. ಅಕ್ಕ ಫೋನು ಮಾಡಿ ಮಗುವಿನ ಸುದ್ದಿ ಕೇಳುವಾಗ ಭಾವ ಕೊಟ್ಟಿಗೆಯಲ್ಲಿ ಹಸುವನ್ನು ಮಾತಾಡಿಸುತ್ತಿದ್ದರು, ಗಟ್ಟಿಯಾಗಿ, ಫೋನಿನವರೆಗೆ ಕೇಳುವಂತೆ!

ಎಣಿಕೆ ಶುರುವಾಯಿತು. ಅಲ್ಲಿ ಮಿಷನ್ನಿಲ್ಲ, ಕೈಯಲ್ಲೇ ಎಣಿಸುತ್ತಾರೆ. ಸುತ್ತಿನ ಮೇಲೆ ಸುತ್ತು, ಒಂದು ದಿನಕ್ಕೆ ಮುಗಿಯುವುದಿಲ್ಲ. ಭಾವ ಮೊಮ್ಮಗನ ಮೊಬೈಲನ್ನು ತಂಬಿಗೆಗೆ ಒರಗಿಸಿಕೊಂಡು ಅದರ ಮುಂದೆ ಕೂತರು. ಮಗ ಮಹೇಶ ಕಬ್ಬಿನ ಲೋಡಿಗೆ ಕರೆದ. "ಎಣಿಕೆ ಮುಗೀಲಿ" ಎಂದರು. ಸೊಸೆ ಊಟಕ್ಕೆ ಕರೆದಳು. "ಎಣಿಕೆ ಮುಗೀಲಿ." ಅಷ್ಟರಲ್ಲಿ ಆಯಮ್ಮನ ಕಥೆ ಮುಗಿಯಿತು. ಸುತ್ತು ಕಳೆದಂತೆ ಕೆಳಕ್ಕೆ ಜಾರಿ ಹೊರಬಿದ್ದರು. ಅವರ ಪಕ್ಷವೇ ದೇಶದ ಉದ್ದಕ್ಕೂ ತೊಳೆದುಹೋಯಿತು. ದೊಡ್ಡವರಿಬ್ಬರು ಹಾಗೂ ಹೀಗೂ ಮತ್ತೆ ಕುರ್ಚಿಯ ಹತ್ತಿರಕ್ಕೆ ಬಂದರು. ಜನರ ಸಿಟ್ಟು ಯಾರ ಮೇಲೆ ಬೇಕಾದರೂ ಇರಲಿ, ಏಟು ಬಿದ್ದದ್ದು ಚಿಕ್ಕವರಿಗೆ.

ನಾನು ಅದೇ ಹೊತ್ತಿಗೆ ಬಂದೆ. ನಾದಿನಿಯೆಂಬ ಸಲುಗೆ ನೋಡಿ, "ಏನ್ ಭಾವ, ಐರ್ಲೆಂಡಿಗೆ ಸೂತಕಾನಾ?" ಎಂದು ಬಿಟ್ಟೆ. ಭಾವ ನಗಲಿಲ್ಲ. ಎದ್ದು ಮುಖ ತೊಳೆದು ಬಂದು, ತಾವಾಗಿಯೇ ಮಗಳಿಗೆ ಫೋನು ಹಚ್ಚಿದರು.

"ಪವಿತ್ರ, ಆಯಮ್ಮನ ಮನೆ ನಿಂಗೊತ್ತಾ?"

"ಗೊತ್ತಪ್ಪ. ಸಣ್ಣ ಊರು ಇದು. ಯಾಕೆ?"

"ಒಂದ್ ಡಬ್ಬಿ ಮೊಸರನ್ನ ಕಲ್ಸ್ಕಂಡು ಓಗಿ ಕೊಟ್ಟು ಬಾ. ಸಿಹಿ ತಕ್ಕೋಬ್ಯಾಡ, ಅಣಕಿಸ್ದಂಗಾಯ್ತದೆ."

"ಅಪ್ಪಾ, ನಾನು ಅವ್ರಿಗೆ ಓಟ್ ಹಾಕಿಲ್ಲ. ಯಾವ್ ಮುಖ ಇಟ್ಕೊಂಡು ಹೋಗ್ಲಿ?"

"ಓಟ್ ನಿಂದು, ನಿಂಗ್ ಬೇಕಾದೋರ್ಗೆ ಆಕಿದೀಯ. ತಪ್ಪಿಲ್ಲ. ಸೋತೋರ್ ಮನೇಗೆ ಯಾರೂ ಓಗಲ್ಲ ಕಣ್ ಮಗಾ. ನೀನ್ ಓಗು."

ಅಷ್ಟು ಹೇಳಿ ಗದ್ದೆಯ ಕಡೆ ನಡೆದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಅಕ್ಕಿ ಆರಿಸುತ್ತಾ, ಮೊರದಿಂದ ತಲೆಯೆತ್ತದೆ ಹೇಳಿದಳು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಭಾವ ಊರಿನ ಹಾಲಿನ ಸಂಘದ ಚುನಾವಣೆಗೆ ನಿಂತಿದ್ದರಂತೆ. ಗೆಲ್ಲುವುದು ಖಂಡಿತ ಎಂದು ಊರೆಲ್ಲ ಹೇಳಿತ್ತು. ಮಧ್ಯಾಹ್ನಕ್ಕೆ ಎಲ್ಲರೂ ಊಟಕ್ಕೆ ಬರುತ್ತಾರೆಂದು ಅಕ್ಕ ದೊಡ್ಡ ಹಂಡೆಯಲ್ಲಿ ಸಾರು ಮಾಡಿ, ಮುದ್ದೆ ಕಟ್ಟಿ, ಎಲೆ ಹಾಸಿಟ್ಟಿದ್ದಳು. ಸೋತರು. ಒಬ್ಬರೂ ಬರಲಿಲ್ಲ. ಹಿಂದಿನ ದಿನದವರೆಗೆ ಇದೇ ಜಗಲಿಯಲ್ಲಿ ಕೂತು ಕಾಫಿ ಕುಡಿದವರು ಎದುರಿನ ಬೀದಿಯಿಂದ ಸುತ್ತಿಕೊಂಡು ಹೋದರು.

"ನಿಮ್ ಭಾವ ಬಾಗ್ಲು ತಕ್ಕೊಂಡೇ ಕೂತಿದ್ರು. ನಾನು ಮುಚ್ಲಾ ಅಂದ್ರೆ, 'ತಡಿ, ಯಾರಾರೂ ಬಂದಾರು' ಅಂದ್ರು. ಮುದ್ದೆ ಎಲ್ಲ ದನಕ್ಕೆ ಆಕ್ದೆ" ಎಂದಳು ಅಕ್ಕ.

ಇಷ್ಟು ವರ್ಷ ಈ ಮನೆಗೆ ಬಂದುಹೋಗುವ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಮಾರನೆಯ ರಾತ್ರಿ ನಾವು ಮಲಗುವ ಹೊತ್ತಿಗೆ ಪವಿತ್ರ ವಿಡಿಯೋ ಕಾಲ್ ಮಾಡಿದಳು. ನರ್ಸಿನ ಬಟ್ಟೆಯ ಮೇಲೆ ಕೋಟು, ಕೂದಲೆಲ್ಲ ಮಳೆ. ಡ್ಯೂಟಿ ಮುಗಿಸಿ ನೇರ ಹೋಗಿದ್ದಳಂತೆ. ಆಯಮ್ಮ ಮನೆಯ ಮುಂದೆ ಕಾರಿಗೆ ಏಣಿ ಕಟ್ಟುತ್ತಿದ್ದರಂತೆ. ಅಲ್ಲಿ ಎಲೆಕ್ಷನ್ ಮುಗಿದ ವಾರದೊಳಗೆ ಲೈಟು ಕಂಬಗಳ ಮೇಲಿನ ಪೋಸ್ಟರನ್ನು ನಿಂತವರೇ ಬಿಚ್ಚಬೇಕು, ಇಲ್ಲದಿದ್ದರೆ ದಂಡ. ಕಟ್ಟುವಾಗ ಹತ್ತಾರು ಜನರಿದ್ದರು. ಬಿಚ್ಚುವುದಕ್ಕೆ ಆವತ್ತು ಯಾರೂ ಬಂದಿರಲಿಲ್ಲ.

"ನಾನು ನಿಮ್ಗೆ ಓಟ್ ಹಾಕಿಲ್ಲ ಅಂತ ಮೊದ್ಲೇ ಹೇಳ್ಬಿಟ್ಟೆ ಅಪ್ಪ. 'ಗೊತ್ತು, ಈ ಬೀದೀಲಿ ಯಾರೂ ಹಾಕಿಲ್ಲ' ಅಂತ ನಕ್ರು. ಆಮೇಲೆ ಕಾರಿನ ಬಾನೆಟ್ ಮೇಲೆ ಡಬ್ಬಿ ಇಟ್ಕೊಂಡು, ನಿಂತ್ಕೊಂಡೇ ತಿಂದ್ರು. ಬೆಳಗ್ಗೆಯಿಂದ ಏನೂ ತಿಂದಿರ್ಲಿಲ್ವಂತೆ."

ಭಾವ ಫೋನಿನ ಸದ್ದು ಜೋರು ಮಾಡಿದರು.

"ಆಮೇಲೆ ಇಬ್ರೂ ಪೋಸ್ಟರ್ ಬಿಚ್ಚೋಕೆ ಹೋದ್ವಿ. ಅವ್ರು ಹತ್ತೋರು, ನಾನು ಕೆಳಗಿರ್ತಿದ್ದೆ. ತಮ್ಮ ಮುಖಾನ ತಾವೇ ಕತ್ತರಿಸಿ ಕತ್ತರಿಸಿ ನನ್ ಕೈಗೆ ಕೊಡೋರು. ಕತ್ತಲಾಗೋತನಕ ಆ ರಸ್ತೇದು ಎಲ್ಲಾ ಬಿಚ್ಚಿದ್ವಿ ಅಪ್ಪ."

ಭಾವ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡರು.

"ಮಳೇಲಿ ಏಣಿ ಜಾರ್ತದೆ ಮಗಾ. ಬಿಗಿಯಾಗಿ ಇಡ್ಕಂಡಿದ್ದಾ?"

"ಎರಡೂ ಕೈಯಲ್ಲಿ ಇಡ್ಕಂಡಿದ್ದೆ ಕಣಪ್ಪಾ."